ಖಾಲಿ ಬಿಟ್ಟ ಸಾಲುಗಳನ್ನು ಮರುಮುದ್ರಿಸುವುದು ಹೇಗೆ?

ಮೂವತ್ತೆರಡು ಪುಟ ಎಂದರೆ ನಮ್ಮ ಕಸುಬಿನವರಿಗೆ ಎರಡು ಫಾರಂ. ನಡುವೆ ಎರಡು ಪಿನ್ನು, ಮೇಲೊಂದು ರಟ್ಟು. ಚಾಮರಾಜಪೇಟೆಯ ಅಚ್ಚುಕೂಟದಲ್ಲಿ ಪುಟವಿನ್ಯಾಸ ಮಾಡಿಕೊಂಡಿರುವ ನನಗೆ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ ಹಳೆಯ ಮಾಡ್ಯೂಲ್‌ಗಳು ಹಿಡಿಸಿದ್ದು ಮೊದಲು ಅವುಗಳ ಕಟ್ಟಿನಿಂದ, ಆಮೇಲೆ ಅವುಗಳೊಳಗಿನ ರಾಕ್ಷಸರಿಂದ.

ಗೊತ್ತಿಲ್ಲದವರಿಗೆ ಎರಡು ಮಾತು: ಇದು ಮೇಜಿನ ಸುತ್ತ ಕುಳಿತು ಮಾತು ಮತ್ತು ದಾಳಗಳಿಂದ ಆಡುವ ಆಟ. ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸುತ್ತಾರೆ. ಡಂಜನ್ ಮಾಸ್ಟರ್ ಎನಿಸಿಕೊಂಡವರು ಉಳಿದ ಲೋಕವನ್ನೆಲ್ಲ ನಡೆಸುತ್ತಾರೆ. ಆ ಲೋಕದ ಒಂದು ತುಂಡನ್ನು ನಕ್ಷೆ ಮತ್ತು ವಿವರಗಳೊಂದಿಗೆ ಸಿದ್ಧಪಡಿಸಿ ಮಾರುವುದೇ ಮಾಡ್ಯೂಲ್, ಅಂದರೆ ಸಾಹಸ ಪುಸ್ತಕ. ಆಟ 1974ರಲ್ಲಿ ಬಂತು, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರಿಂದ. ಅದನ್ನು ಪ್ರಕಟಿಸಿದ ಟಿಎಸ್‌ಆರ್ ಕಂಪನಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನದು. 1978ರಿಂದ ಅದು ಮಾಡ್ಯೂಲ್‌ಗಳನ್ನು ಸಾಲಾಗಿ ಹೊರತಂದಿತು.

ಈ ಹಳೆಯ ಪುಸ್ತಕಗಳ ರಟ್ಟು ಒಳಪುಟಗಳಿಗೆ ಅಂಟಿಕೊಂಡಿರುವುದಿಲ್ಲ. ಅದನ್ನು ಬಿಡಿಸಿ ಮೇಜಿನ ಮೇಲೆ ಅಡ್ಡ ನಿಲ್ಲಿಸಿದರೆ ಒಳಬದಿಯಲ್ಲಿ ತಿಳಿನೀಲಿ ಬಣ್ಣದಲ್ಲಿ ಅಚ್ಚಾದ ನಕ್ಷೆ ಆಟ ನಡೆಸುವವರಿಗೆ ಮಾತ್ರ ಕಾಣುತ್ತದೆ, ಆಡುವವರಿಗೆ ಹೊರಗಿನ ಚಿತ್ರ ಕಾಣುತ್ತದೆ. ಅಂದಿನ ಜೆರಾಕ್ಸ್ ಯಂತ್ರಗಳಿಗೆ ಸಿಗದಿರಲಿ ಎಂದೇ ಆ ನೀಲಿಯನ್ನು ಆರಿಸಿದರು ಎನ್ನುತ್ತಾರೆ. ನಕಲು ತಡೆಯಿತೋ ಇಲ್ಲವೋ, ಇಂದು ಸ್ಕ್ಯಾನ್ ಮಾಡುವವರ ಜೀವವನ್ನಂತೂ ಹಿಂಡುತ್ತಿದೆ.

ಇವುಗಳಲ್ಲಿ ನನಗೆ ಬಹಳ ಪ್ರಿಯವಾದದ್ದು ಬಿ1 ಎಂಬ ಕ್ರಮಸಂಖ್ಯೆಯ, ಮೈಕ್ ಕಾರ್ ಬರೆದ 'ಇನ್ ಸರ್ಚ್ ಆಫ್ ದಿ ಅನ್‌ನೋನ್'. ಹೊಸಬರಿಗೆಂದು ಆಟದ ಆರಂಭಿಕ ಪೆಟ್ಟಿಗೆಯೊಳಗೇ ಅದನ್ನು ಇಟ್ಟು ಮಾರುತ್ತಿದ್ದರು. ಇಬ್ಬರು ವೀರರು ಕಟ್ಟಿಸಿ, ಬಿಟ್ಟುಹೋದ ನೆಲದಡಿಯ ಕೋಟೆ ಅದರ ವಸ್ತು. ಪ್ರತಿ ಕೋಣೆಯ ವರ್ಣನೆ ಇದೆ. ಅದರ ಕೆಳಗೆ 'ರಾಕ್ಷಸ' ಎಂದು ಬರೆದು ಒಂದು ಖಾಲಿ ಗೆರೆ, 'ನಿಧಿ' ಎಂದು ಬರೆದು ಇನ್ನೊಂದು ಖಾಲಿ ಗೆರೆ. ಕೊನೆಯಲ್ಲಿ ರಾಕ್ಷಸರದೊಂದು ಪಟ್ಟಿ, ನಿಧಿಗಳದೊಂದು ಪಟ್ಟಿ. ಪೆನ್ಸಿಲ್ ಹಿಡಿದು ನೀವೇ ತುಂಬಿಕೊಳ್ಳಿ! ಮುಂದೆ ಅದೇ ಪೆಟ್ಟಿಗೆಗೆ ಗೈಗ್ಯಾಕ್ಸ್ ಬರೆದ ಬಿ2, 'ದಿ ಕೀಪ್ ಆನ್ ದಿ ಬಾರ್ಡರ್‌ಲ್ಯಾಂಡ್ಸ್', ಬಂತು. ಅದರಲ್ಲಿ ಗಡಿಕೋಟೆಯ ಅಧಿಪತಿ, ಪಾದ್ರಿ, ಅಂಗಡಿಯವ ಎಲ್ಲರೂ ಇದ್ದಾರೆ, ಯಾರಿಗೂ ಹೆಸರಿಲ್ಲ. ಅದನ್ನೂ ನಾವೇ ಇಡಬೇಕು.

ಇಂಥ ಪುಸ್ತಕವನ್ನು ನಲವತ್ತು ವರ್ಷಗಳ ನಂತರ ಮತ್ತೆ ತರುವುದು ಹೇಗೆ? ಗುಡ್‌ಮನ್ ಗೇಮ್ಸ್ ಎಂಬ ಅಮೆರಿಕದ ಪ್ರಕಾಶನ 2018ರಲ್ಲಿ ಬಿ1, ಬಿ2 ಎರಡನ್ನೂ ಸೇರಿಸಿ ಗಟ್ಟಿ ರಟ್ಟಿನ ಒಂದೇ ಸಂಪುಟ ಮಾಡಿತು. ಮೊದಲ ಭಾಗದಲ್ಲಿ ಹಳೆಯ ಮುದ್ರಣಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಹಾಕಿದ್ದಾರೆ, ಅದೂ ಒಂದಕ್ಕಿಂತ ಹೆಚ್ಚು ಮುದ್ರಣಗಳನ್ನು. ಜೊತೆಗೆ ಹಳಬರ ನೆನಪಿನ ಬರಹಗಳು. ಆಮೇಲೆ ಅದೇ ಸಾಹಸಗಳನ್ನು ಈಗಿನ ಐದನೆಯ ಆವೃತ್ತಿಯ ನಿಯಮಗಳಿಗೆ ಹೊಂದಿಸಿ, ಬೆಳೆಸಿ ಬರೆದದ್ದು. ಮೊದಲ ಭಾಗಕ್ಕೆ ನಾನು ಕೈ ಮುಗಿಯುತ್ತೇನೆ. ಎರಡು ಮುದ್ರಣಗಳ ನಡುವೆ ಏನು ಬದಲಾಯಿತು ಎಂದು ಓದುಗರೇ ಹೋಲಿಸಿ ನೋಡುವಂತೆ ಕೊಡುವುದು ನಮ್ಮಲ್ಲಿ ಹಳಗನ್ನಡ ಕಾವ್ಯಗಳ ಸಂಪಾದಕರು ಪಾಠಾಂತರಗಳಿಗೆ ಪಡುವ ಶ್ರಮದ ಜಾತಿಯದೇ. ಬೆಳೆಸಿದ ಭಾಗದ ಬಗ್ಗೆ ಮಾತ್ರ ನನ್ನ ತಕರಾರಿದೆ. ಎರಡು ತೆಳು ಪುಸ್ತಕಗಳು ಮುನ್ನೂರು ಪುಟ ದಾಟಿವೆ. ಅಣ್ಣನ ಮಗನಿಗೆ ಆಟ ನಡೆಸುವ ಹುಚ್ಚು ಹಿಡಿದಾಗ ಇದನ್ನೇ ಕೈಗಿತ್ತೆ. ವಾರ ಕಳೆದು ಬಂದವನು, "ಅತ್ತೆ, ಇದನ್ನು ಓದಿ ಮುಗಿಸುವಷ್ಟರಲ್ಲಿ ನನ್ನ ಸೆಮಿಸ್ಟರ್ ಪರೀಕ್ಷೆಯೇ ಬರುತ್ತದೆ" ಎಂದ. ಸ್ಕ್ಯಾನ್ ಮಾಡಿದ ಹಳೆಯ ಪುಟಗಳನ್ನು ತೋರಿಸಿದೆ. ಅವುಗಳನ್ನು ಒಂದೇ ಸಂಜೆಯಲ್ಲಿ ಓದಿದ.

ಪುಟ ಹೆಚ್ಚುವುದಕ್ಕೆ ವ್ಯಾಪಾರದ ಕಾರಣವೂ ಇದೆ, ಅದನ್ನು ಅಲ್ಲಗಳೆಯಲಾರೆ. ಮೇಜಿಗೆ ಐದಾರು ಜನ ಕುಳಿತರೆ ನಿಯಮದ ಪುಸ್ತಕ ಎಲ್ಲರಿಗೂ ಬೇಕು. ಸಾಹಸ ಪುಸ್ತಕ ಕೊಳ್ಳುವವರು ಒಬ್ಬರೇ. ತೆಳು ಪುಸ್ತಕಕ್ಕೆ ಹೆಚ್ಚು ಬೆಲೆ ಇಡಲಾಗದು. 1997ರಲ್ಲಿ ಟಿಎಸ್‌ಆರ್ ಅನ್ನು ಕೊಂಡ ವಿಝರ್ಡ್ಸ್ ಆಫ್ ದಿ ಕೋಸ್ಟ್ 2000ದಲ್ಲಿ ಮುಕ್ತ ಪರವಾನಗಿ ತಂದಿತು. ಲಾಭ ಕಡಿಮೆ ಇರುವ ಈ ಸಾಹಸಗಳನ್ನು ಬೇರೆಯವರು ಬರೆಯಲಿ, ನಿಯಮದ ಪುಸ್ತಕ ನಮ್ಮದು ಮಾರಾಟವಾಗಲಿ ಎಂಬುದು ಅದರ ಹಿಂದಿನ ಲೆಕ್ಕಗಳಲ್ಲೊಂದು. ಈಗ ಆ ಕಂಪನಿಯೂ ಹಳೆಯವನ್ನು ಒಟ್ಟು ಮಾಡಿ ಗಟ್ಟಿ ರಟ್ಟು ಹಾಕುತ್ತದೆ: 2017ರಲ್ಲಿ ಏಳು ಸಾಹಸಗಳು ಒಂದೇ ಸಂಪುಟವಾಗಿ ಬಂದವು.

ಹಾಗೆಂದು ಬೆಳೆಸುವುದೇ ತಪ್ಪು ಎಂದೇನಲ್ಲ. 'ಕಾಲ್ ಆಫ್ ಕಥುಲು' ಎಂಬ ಭಯಾನಕ ಆಟಕ್ಕೆ ಕೇಯಾಸಿಯಮ್ ಎಂಬ ಪ್ರಕಾಶನ 1984ರಲ್ಲಿ ತಂದ 'ಮಾಸ್ಕ್ಸ್ ಆಫ್ ನ್ಯಾರ್ಲಥೋಟೆಪ್' ನ್ಯೂಯಾರ್ಕಿನಿಂದ ಶಾಂಘೈವರೆಗೆ ಅಲೆಸುವ ಪತ್ತೇದಾರಿ. ಮೊದಲ ಮುದ್ರಣದಲ್ಲಿ ಜಾಗವಿಲ್ಲದೆ ಬಿಟ್ಟಿದ್ದ ಆಸ್ಟ್ರೇಲಿಯಾದ ಅಧ್ಯಾಯ ಮುಂದೆ ಸೇರಿಕೊಂಡಿತು. 2018ರ ಆವೃತ್ತಿಯಲ್ಲಿ ಪೆರು ದೇಶದ ಪೀಠಿಕಾ ಅಧ್ಯಾಯವೂ ಬಂದು ಆರುನೂರಕ್ಕೂ ಹೆಚ್ಚು ಪುಟಗಳಾದವು. ಪತ್ತೇದಾರಿಯಲ್ಲಿ ಒಂದು ಸುಳಿವು ತಪ್ಪಿದರೆ ಆಟವೇ ನಿಲ್ಲುತ್ತದೆ, ಅಲ್ಲಿ ಖಾಲಿ ಗೆರೆ ಎಂದರೆ ಹಳ್ಳ. ಅಲ್ಲಿ ಹೊಸ ಸಂಪಾದಕರು ಹಾಕಿದ ಮಣ್ಣು ಬೇಕಾದದ್ದೇ.

ತಿದ್ದುವಾಗ ಹಳೆಯದನ್ನು ಕಾಣೆಯಾಗಿಸುವುದು ನನಗೆ ಸಹಿಸದು. 1981ರ ಬಿ3, 'ಪ್ಯಾಲೇಸ್ ಆಫ್ ದಿ ಸಿಲ್ವರ್ ಪ್ರಿನ್ಸೆಸ್' ಕಥೆ ಕೇಳಿ. ಬರೆದವರು ಜೀನ್ ವೆಲ್ಸ್, ಟಿಎಸ್‌ಆರ್‌ನ ವಿನ್ಯಾಸ ವಿಭಾಗಕ್ಕೆ ಸೇರಿದ ಮೊದಲ ಮಹಿಳೆ. ಕಿತ್ತಳೆ ರಟ್ಟಿನಲ್ಲಿ ಅಚ್ಚಾಗಿ ಬಂದ ಮೇಲೆ ಕಂಪನಿಯ ಮೇಲಿನವರಿಗೆ ಕೆಲವು ಚಿತ್ರಗಳು ಸರಿಬರಲಿಲ್ಲ. ಕೂದಲಿನಿಂದಲೇ ಹೆಂಗಸೊಬ್ಬಳನ್ನು ಕಟ್ಟಿಹಾಕಿದ ಚಿತ್ರ ಅವುಗಳಲ್ಲೊಂದು. ಪ್ರತಿಗಳನ್ನು ವಾಪಸು ತರಿಸಿ ನಾಶ ಮಾಡಿದರು. ಟಾಮ್ ಮೋಲ್ಡ್ವೇ ಬಹುಪಾಲು ಹೊಸದಾಗಿ ಬರೆದ ಪಠ್ಯ ಅದೇ ಹೆಸರಿನಲ್ಲಿ, ಹಸಿರು ರಟ್ಟಿನಲ್ಲಿ ಹೊರಬಂತು. ಉಳಿದ ಕಿತ್ತಳೆ ಪ್ರತಿಗಳು ಸಂಗ್ರಾಹಕರ ಕಪಾಟು ಸೇರಿದವು. ವರ್ಷಗಳ ನಂತರ ವಿಝರ್ಡ್ಸ್ ತನ್ನ ಜಾಲತಾಣದಲ್ಲಿ ಕಿತ್ತಳೆ ಪಠ್ಯವನ್ನು ಉಚಿತವಾಗಿ ಹಾಕಿದಾಗಲೇ ನನ್ನಂಥವರಿಗೆ ಅದು ಓದಲು ಸಿಕ್ಕಿದ್ದು. ಆಡಿಸಲು ಮೋಲ್ಡ್ವೇಯದು ಸಲೀಸು. ಆದರೆ ವೆಲ್ಸ್ ಬರೆದದ್ದರಲ್ಲಿ ಒಂದು ವಿಚಿತ್ರ ಕಳೆ ಇದೆ, ಮುಂದಿನ ಕೋಣೆಯಲ್ಲಿ ಏನಿರಬಹುದೆಂದು ಊಹಿಸಲಾಗುವುದಿಲ್ಲ.

2020ರಲ್ಲಿ ವಿಝರ್ಡ್ಸ್‌ನ 'ಕರ್ಸ್ ಆಫ್ ಸ್ಟ್ರಾಡ್' ಎಂಬ ಸಾಹಸ ಪುಸ್ತಕದಲ್ಲಿ ಯುರೋಪಿನ ರೋಮಾ ಸಮುದಾಯದ ಜನರನ್ನು ಹೋಲುವ ಅಲೆಮಾರಿಗಳ ಪೂರ್ವಗ್ರಹದ ವರ್ಣನೆಯನ್ನು ತಿದ್ದಲಾಯಿತು. ತಿದ್ದಿದ್ದು ಸರಿ. ಆದರೆ ಇಂಥ ತಿದ್ದುಪಡಿಗಳಿಗೆ ಮುದ್ರಣ ಮಾಹಿತಿಯ ಪುಟದಲ್ಲಿ ನಾಲ್ಕು ಸಾಲು ಜಾಗ ಕೊಡಬೇಕು: ಯಾವ ಪುಟ, ಏನು ಬದಲು, ಯಾಕೆ. ನಮ್ಮ ಪಠ್ಯಪುಸ್ತಕಗಳ ತಿದ್ದೋಲೆಯಷ್ಟಾದರೂ ಸೌಜನ್ಯ.

ಬೆಂಗಳೂರಿನಲ್ಲಿ ಕುಳಿತವಳಿಗೆ ಇದೆಲ್ಲ ದಕ್ಕುವುದು ಬಹುಪಾಲು ಪಿಡಿಎಫ್ ರೂಪದಲ್ಲಿ. ವಿದೇಶದಿಂದ ಒಂದು ಪ್ರತಿ ತರಿಸಿದರೆ ಸಾಗಣೆಯ ಖರ್ಚು ಪುಸ್ತಕದ ಬೆಲೆಯನ್ನು ಮೀರುತ್ತದೆ. ಆ ಪಿಡಿಎಫ್‌ಗಳಿಗೂ ಭರವಸೆ ಇಲ್ಲ: 2009ರ ಏಪ್ರಿಲ್‌ನಲ್ಲಿ ಕಳ್ಳನಕಲಿನ ಕಾರಣ ಕೊಟ್ಟು ವಿಝರ್ಡ್ಸ್ ಎಲ್ಲವನ್ನೂ ಮಾರಾಟದಿಂದ ತೆಗೆಯಿತು, ಮತ್ತೆ ಮಾರಾಟ ಶುರುವಾದದ್ದು 2013ರಲ್ಲಿ. ಹೀಗಾಗಿ ಕೊಂಡ ಕೂಡಲೇ ನನಗೊಂದು ಪ್ರತಿ ಅಚ್ಚು ಹಾಕಿಕೊಳ್ಳುವುದು ನನ್ನ ರೂಢಿ. ನಕ್ಷೆಯ ನೀಲಿಯನ್ನು ಫೋಟೋಶಾಪಿನಲ್ಲಿ ಗಾಢ ಮಾಡುತ್ತೇನೆ, ರಟ್ಟಿಗೆ ಆರ್ಟ್ ಕಾರ್ಡ್ ಹಾಕಿ ಬಿಡಿಯಾಗಿಯೇ ಇಡುತ್ತೇನೆ. ಒಳಪುಟಕ್ಕೆ ಮಾತ್ರ ಮ್ಯಾಪ್‌ಲಿಥೋ, ಅದೂ ಎಂಬತ್ತು ಜಿಎಸ್‌ಎಂಗಿಂತ ಕಡಿಮೆ ಬೇಡ. ಬಿ1 ಅನ್ನು ಮತ್ತೆ ಅಚ್ಚು ಹಾಕುವ ಯೋಚನೆ ಯಾರಿಗಾದರೂ ಇದ್ದರೆ ದಯವಿಟ್ಟು ನುಣುಪು ಆರ್ಟ್ ಪೇಪರ್ ಬಳಸಬೇಡಿ, ಅದರ ಮೇಲೆ ಪೆನ್ಸಿಲ್ ಕೂರುವುದಿಲ್ಲ.