ಕೈ ಕಟ್ಟಿ ನಿಲ್ಲುವ ಕೆಲಸ

ನಾನು ಸ್ಕೌಟ್ ಮಾಸ್ಟರ್ ಅಂದ ಕೂಡಲೇ ಎದುರಿಗಿದ್ದವರು ಕೇಳುವುದು ಎರಡೇ ಪ್ರಶ್ನೆ. ಎನ್‌ಸಿಸಿನಾ? ತಿಂಗಳಿಗೆ ಎಷ್ಟು ಕೊಡ್ತಾರೆ? ಎನ್‌ಸಿಸಿ ಅಲ್ಲ. ಏನೂ ಕೊಡಲ್ಲ. ಎರಡನೆಯ ಉತ್ತರ ಕೇಳಿದ ಮೇಲೆ ಅವರ ಮುಖ ನೋಡಬೇಕು. ಒಂದೋ ಪಾಪ ಅನ್ನೋ ಹಾಗೆ ನೋಡುತ್ತಾರೆ, ಇಲ್ಲವೇ ಇವನು ಮುಂದೆ ಕಾರ್ಪೊರೇಷನ್ ಎಲೆಕ್ಷನ್‌ಗೆ ನಿಲ್ತಾನೇನೋ ಅನ್ನೋ ಹಾಗೆ.

ನಮ್ಮದು ಓಪನ್ ಗ್ರೂಪ್. ಅಂದರೆ ಯಾವ ಶಾಲೆಗೂ ಸೇರಿದ್ದಲ್ಲ. ಬನಶಂಕರಿ, ಪದ್ಮನಾಭನಗರ, ಕತ್ರಿಗುಪ್ಪೆ ಸುತ್ತಮುತ್ತಲಿನ ಮಕ್ಕಳು ಭಾನುವಾರ ಬೆಳಿಗ್ಗೆ ಒಂದು ಕಡೆ ಸೇರುತ್ತಾರೆ, ಅಷ್ಟೇ. ಶಾಲೆಯೊಳಗಿನ ಟ್ರೂಪ್ ಆದರೆ ಮೇಷ್ಟ್ರೇ ಸ್ಕೌಟ್ ಮಾಸ್ಟರ್, ಮೇಡಮ್ಮೇ ಹುಡುಗಿಯರ ವಿಭಾಗದ, ಅಂದರೆ ಗೈಡ್ಸ್‌ನ, ಗೈಡ್ ಕ್ಯಾಪ್ಟನ್, ಮೈದಾನ ಅಲ್ಲೇ ಇರುತ್ತದೆ, ಮಕ್ಕಳೂ ಅಲ್ಲೇ ಇರುತ್ತಾರೆ. ಅವರ ಕಷ್ಟ ಬೇರೆ. ಪಾಠ, ಪರೀಕ್ಷೆ, ಎಲೆಕ್ಷನ್ ಡ್ಯೂಟಿ ಎಲ್ಲದರ ಮೇಲೆ ಇದನ್ನೂ ಒಂದು ತಲೆಗೆ ಕಟ್ಟಿರುತ್ತಾರೆ. ನಮ್ಮ ಕಷ್ಟ ಶುರುವಾಗುವುದೇ ಜಾಗದಿಂದ.

ಮೂವತ್ತು ಮಕ್ಕಳು ಓಡಾಡಿ ಕೂಗಾಡಬಹುದಾದ, ಬಾಡಿಗೆ ಕೇಳದ ಒಂದು ಜಾಗವನ್ನು ಈ ಬೆಂಗಳೂರಿನಲ್ಲಿ ಹುಡುಕಿ ನೋಡಿ. ಪಾರ್ಕಿನಲ್ಲಿ "ಆಟ ಆಡಬಾರದು" ಅಂತ ಬೋರ್ಡು. ಖಾಲಿ ಇದ್ದ ಸೈಟುಗಳಿಗೆಲ್ಲ ನೆಟ್ ಕಟ್ಟಿ ಟರ್ಫ್ ಮಾಡಿ ಗಂಟೆಗೆ ಇಷ್ಟು ಅಂತ ವಸೂಲಿ. ಮೊದಲು ಒಂದು ಶಾಲೆಯವರು ಮೈದಾನ ಕೊಟ್ಟಿದ್ದರು, ಆಮೇಲೆ ಹೊಸ ಆಡಳಿತ ಬಂತು, ಗೇಟಿಗೆ ಬೀಗ ಬಿತ್ತು. ಈಗ ಒಂದು ದೇವಸ್ಥಾನದ ಪಕ್ಕದ ಬಯಲಿನಲ್ಲಿ ನಡೆಸುತ್ತಿದ್ದೇವೆ. ಮದುವೆ ಸೀಸನ್ನಿನಲ್ಲಿ ಅಲ್ಲಿ ಶಾಮಿಯಾನ ಏಳುತ್ತದೆ, ನಾವು ಬೀದಿಗೆ ಬೀಳುತ್ತೇವೆ. ವಿಷಲ್ ಊದಿದರೆ ಎದುರು ಮನೆಯ ಯಜಮಾನರು ಬಾಲ್ಕನಿಗೆ ಬಂದು "ಭಾನುವಾರನಾದ್ರೂ ಮಲಗೋಕೆ ಬಿಡ್ರಪ್ಪಾ" ಅನ್ನುತ್ತಾರೆ. ತಪ್ಪು ಅನ್ನೋಕೂ ಆಗಲ್ಲ. ಅದಕ್ಕೇ ಈಗ ಎಂಟು ಗಂಟೆ ತನಕ ಎಲ್ಲವೂ ಕೈಸನ್ನೆಯಲ್ಲೇ. ಸಾಲಾಗಿ ನಿಲ್ಲೋಕೆ ಒಂದು ಸನ್ನೆ, ಕುದುರೆ ಲಾಳದ ಆಕಾರಕ್ಕೆ ನಿಲ್ಲೋಕೆ ಇನ್ನೊಂದು. ಮಕ್ಕಳು ಬೇಗ ಕಲಿತರು, ವಿಷಲ್‌ಗಿಂತ ಇದೇ ಚೆನ್ನಾಗಿದೆ ಅಂತ ನನಗೂ ಅನಿಸುತ್ತದೆ.

ಜಾಗ, ದುಡ್ಡು, ಟೆಂಟು, ಹಗ್ಗ ಇವೆಲ್ಲ ಹೇಗೋ ಆಗುತ್ತವೆ. ಯಾರೋ ಒಬ್ಬರು ಕೈ ಹಿಡಿಯುತ್ತಾರೆ. ನಿಜವಾಗಿ ಕಷ್ಟ ಇರುವುದು ಬೇರೆ ಕಡೆ. ಮಕ್ಕಳ ಕೆಲಸ ಮಕ್ಕಳೇ ಮಾಡಿಕೊಳ್ಳಲಿ ಅಂತ ಬಿಟ್ಟು ದೊಡ್ಡವರು ಸುಮ್ನೆ ಕೈ ಕಟ್ಟಿ ನಿಲ್ಲಬೇಕಲ್ಲ, ಅದು. ಸ್ಕೌಟ್ ಮಾಸ್ಟರ್‌ನ ಮುಖ್ಯ ಕೆಲಸವೇ ಅದು, ಆದರೆ ಅದೊಂದನ್ನು ಬಿಟ್ಟು ಬೇರೆ ಏನು ಬೇಕಾದರೂ ಮಾಡಿ ಅನ್ನುವಂತಿದೆ ಸುತ್ತಲಿನ ವಾತಾವರಣ.

ಗೊತ್ತಿಲ್ಲದವರಿಗೆ ಹೇಳಬೇಕು. ಸ್ಕೌಟಿಂಗ್ ನಿಂತಿರುವುದೇ ಪ್ಯಾಟ್ರೋಲ್ ಪದ್ಧತಿಯ ಮೇಲೆ. ಆರರಿಂದ ಎಂಟು ಮಕ್ಕಳ ಗುಂಪು, ಅವರಲ್ಲೇ ಒಬ್ಬ ಲೀಡರ್. 1907ರಲ್ಲಿ, ಸ್ಕೌಟಿಂಗ್ ಶುರು ಮಾಡಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಸುಮಾರು 20 ಹುಡುಗರನ್ನು ಕರೆದುಕೊಂಡು ಹೋಗಿ ಮೊದಲ ಕ್ಯಾಂಪ್ ಮಾಡಿದಾಗಲೇ ಅವರನ್ನು ನಾಲ್ಕು ಪ್ಯಾಟ್ರೋಲ್ ಮಾಡಿದ್ದರು. ದೊಡ್ಡ ದೊಡ್ಡ ಶಾಲೆಗಳ ಸಾಹುಕಾರರ ಮಕ್ಕಳು, ಕೂಲಿಯವರ ಮಕ್ಕಳು, ಎಲ್ಲ ಒಂದೇ ಕ್ಯಾಂಪಿನಲ್ಲಿ. ಎರಡೇ ವರ್ಷಕ್ಕೆ, 1909ರಲ್ಲಿ, ಇದು ನಮ್ಮ ಬೆಂಗಳೂರಿಗೆ ಬಂತು. ಬಿಷಪ್ ಕಾಟನ್ ಶಾಲೆಯಲ್ಲಿ ಶುರುವಾದ ಟ್ರೂಪ್ ಇಡೀ ಭಾರತಕ್ಕೇ ಮೊದಲನೆಯದು. ಆದರೆ ಆಗ ಬ್ರಿಟಿಷರ, ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ ಮಾತ್ರ. ನಮ್ಮ ಹುಡುಗರಿಗೆ ಬಾಗಿಲು ಮುಚ್ಚಿತ್ತು. ನಮ್ಮ ಮಕ್ಕಳಿಗೂ ಬೇಕು ಅಂತ ಆನಿ ಬೆಸೆಂಟ್, ಮದನ ಮೋಹನ ಮಾಳವೀಯ ಅಂಥವರು ಬೇರೆ ಬೇರೆ ಸಂಘ ಕಟ್ಟಿದರು, ಕೊನೆಗೆ ಅವೆಲ್ಲ ಸೇರಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು, 1950ರ ನವೆಂಬರ್ 7ಕ್ಕೆ. ನಮ್ಮ ರಾಜ್ಯದ ದೊಡ್ಡಬಳ್ಳಾಪುರ ತರಬೇತಿ ಕೇಂದ್ರಕ್ಕೆ ಬೆಸೆಂಟ್ ಅವರ ಹೆಸರಿದೆ. ಅಷ್ಟು ಜಗಳಾಡಿ ಬಾಗಿಲು ತೆಗೆಸಿದ್ದಾರೆ, ಈಗ ಒಳಗೆ ಬರೋಕೆ ಟ್ಯೂಷನ್ ಬಿಡುತ್ತಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ದೊಡ್ಡಬಳ್ಳಾಪುರಕ್ಕೆ ಹಿಂದೂಪುರದ ಕಡೆಯ ರೈಲಿನಲ್ಲಿ ಹೋಗುತ್ತೇವೆ. ಟೆಂಪೋ ಟ್ರಾವೆಲರ್ ಮಾಡಿಕೊಂಡು ಹೋಗಬಹುದು, ದುಡ್ಡು ಜಾಸ್ತಿ. ಅದೂ ಅಲ್ಲದೆ ರೈಲು ಹತ್ತುವುದು, ಬ್ಯಾಗ್ ಎಣಿಸಿಕೊಳ್ಳುವುದು, ಯಲಹಂಕದಲ್ಲಿ ಇಳಿದುಬಿಡದ ಹಾಗೆ ಚಿಕ್ಕವರನ್ನು ನೋಡಿಕೊಳ್ಳುವುದು, ಇದೆಲ್ಲ ಪ್ಯಾಟ್ರೋಲ್ ಲೀಡರ್‌ಗೆ ಒಳ್ಳೆ ಕೆಲಸ.

ಸ್ಕೌಟ್‌ಗಳು ಒಂದೊಂದಾಗಿ ಹತ್ತಬೇಕಾದ ಮೆಟ್ಟಿಲುಗಳಿಗೆ ಸೋಪಾನ ಅನ್ನುತ್ತೇವೆ, ಅದರಲ್ಲಿ ದ್ವಿತೀಯ ಸೋಪಾನದಲ್ಲಿ ಒಂದು ಪರೀಕ್ಷೆ ಇದೆ. ಬಯಲಿನಲ್ಲಿ ಸೌದೆ ಜೋಡಿಸಿ, ಎರಡಕ್ಕಿಂತ ಹೆಚ್ಚು ಬೆಂಕಿಕಡ್ಡಿ ಗೀರದೆ ಒಲೆ ಹಚ್ಚಬೇಕು. ಬೆಂಕಿಯ ಮೇಲೆ ಅಡುಗೆಯನ್ನೂ ಮಾಡಬೇಕು. ಓದಲು ಸುಲಭ. ಆದರೆ ನಮ್ಮ ಮಕ್ಕಳಲ್ಲಿ ಅರ್ಧಕ್ಕರ್ಧ ಜನ ಬೆಂಕಿಕಡ್ಡಿಯನ್ನು ಕೈಯಲ್ಲೇ ಹಿಡಿದವರಲ್ಲ. ಮನೆಯಲ್ಲಿ ಲೈಟರ್, ಇಲ್ಲ ಇಂಡಕ್ಷನ್ ಸ್ಟೌ. ದೀಪಾವಳಿಗೂ ಅಪ್ಪನೇ ಹಚ್ಚಿ ಕೊಡುವುದು. ಹೋದ ಕ್ಯಾಂಪಿನಲ್ಲಿ ಆರನೇ ಕ್ಲಾಸಿನ ಹುಡುಗನೊಬ್ಬ ಕಡ್ಡಿಯನ್ನು ಮದ್ದಿನ ಹತ್ತಿರಕ್ಕೇ ಹಿಡಿದು, ಮುಖ ಆ ಕಡೆ ತಿರುಗಿಸಿ, ಕೈಯನ್ನು ಎಷ್ಟು ದೂರ ಚಾಚಲು ಸಾಧ್ಯವೋ ಅಷ್ಟು ಚಾಚಿ ಗೀರಿದ. ಕಡ್ಡಿ ಹೊತ್ತಿಕೊಂಡದ್ದು ಕಂಡು ಅವನೇ ಹೆದರಿ ಬಿಸಾಡಿದ. ಒಂದು ಹೋಯಿತು. ಸೌದೆಯನ್ನೋ, ದಪ್ಪ ದಪ್ಪ ಕೊರಡುಗಳನ್ನೇ ಕೆಳಗೆ ಇಟ್ಟಿದ್ದರು. ಅವಕ್ಕೆ ಕಡ್ಡಿಯಿಂದ ಬೆಂಕಿ ಹತ್ತುವುದುಂಟೇ. ಅಲ್ಲಿದ್ದ ಇನ್ನೊಬ್ಬ, ಅಜ್ಜಿ ಊರು ಚನ್ನಪಟ್ಟಣದ ಕಡೆ ಅಂತೆ, ಅವನು ಎಲ್ಲಿಂದಲೋ ಒಂದು ಒಣ ತೆಂಗಿನಕಾಯಿ ಸಿಪ್ಪೆ ತಂದು ನಾರು ಬಿಡಿಸಿ ಬಿಡಿಸಿ ಗೂಡಿನ ಥರ ಮಾಡುತ್ತಾ ಕೂತ. ನಿಧಾನ. ಬಿಸಿಲು ಏರುತ್ತಿದೆ, ಅಕ್ಕಪಕ್ಕದ ಪ್ಯಾಟ್ರೋಲ್‌ನಲ್ಲಿ ಆಗಲೇ ಹೊಗೆ ಬರುತ್ತಿದೆ, ಇವನು ನಾರು ಬಿಡಿಸುತ್ತಲೇ ಇದ್ದಾನೆ.

ನಮ್ಮ ಜೊತೆ ಸಹಾಯಕ್ಕೆ ಅಂತ ಒಬ್ಬರು ಅಪ್ಪ ಬಂದಿದ್ದರು. ಒಳ್ಳೆಯ ಮನುಷ್ಯ, ಟೆಂಟು ಹೊರುವುದಕ್ಕೆ ಮುಂದೆ. ಅವರಿಗೆ ತಡೆಯಲಾಗಲಿಲ್ಲ. ಜೇಬಿನಿಂದ ಕರ್ಪೂರದ ಡಬ್ಬಿ ತೆಗೆದು, ನಾಲ್ಕು ಬಿಲ್ಲೆ ಒಳಗೆ ಹಾಕಿ, ಅವರದೇ ಲೈಟರ್‌ನಿಂದ ಹಚ್ಚಿಯೇಬಿಟ್ಟರು. ಭಗ್ ಅಂತ ಹತ್ತಿಕೊಂಡಿತು. ಎಲ್ಲರೂ ಚಪ್ಪಾಳೆ. ನಾರು ಹಿಡಿದಿದ್ದ ಹುಡುಗ ಮಾತ್ರ ಸಿಪ್ಪೆ ಕೆಳಗಿಟ್ಟು ಎದ್ದು ಹೋದ. ನಾನು ನೀರು ಸುರಿದು ಆರಿಸಿ, ಒಣ ಸೌದೆ ಬೇರೆ ಆರಿಸಿಕೊಂಡು ಬನ್ನಿ, ಮತ್ತೆ ಮೊದಲಿಂದ ಅಂದೆ. ಆ ಅಪ್ಪ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. "ಮಕ್ಕಳಿಗೆ ಹಸಿವಾಗ್ತಿದೆ ಸರ್" ಅಂದರು. ಹೌದು, ನನಗೂ ಹಸಿವಾಗುತ್ತಿತ್ತು. ಮಧ್ಯಾಹ್ನ ಎರಡು ದಾಟಿದ ಮೇಲೆ ಉಪ್ಪಿಟ್ಟು ಆಯಿತು, ತಳ ಹಿಡಿದಿತ್ತು, ರವೆ ಗಂಟು ಗಂಟಾಗಿತ್ತು. ಪಾತ್ರೆಯಲ್ಲಿ ಏನೂ ಉಳಿಯಲಿಲ್ಲ. ನಾರಿನ ಹುಡುಗನೇ ಎರಡನೇ ಕಡ್ಡಿಯಲ್ಲಿ ಹಚ್ಚಿದ್ದು.

ಆ ಅಪ್ಪನನ್ನು ಬೈಯಲು ಇದನ್ನು ಹೇಳುತ್ತಿಲ್ಲ. ನಮ್ಮ ಎಲ್ಲರ ಜೇಬಿನಲ್ಲೂ ಒಂದು ಕರ್ಪೂರದ ಡಬ್ಬಿ ಇದೆ. ಮಗು ಗಂಟು ತಪ್ಪಾಗಿ ಹಾಕುತ್ತಿರುವಾಗ, ಕ್ಲೋವ್ ಹಿಚ್ ಹಾಕಬೇಕಾದ ಕಡೆ ಎಂಥದೋ ಜಡೆ ಹೆಣೆಯುತ್ತಿರುವಾಗ, ಬೆರಳು ತುರಿಸುತ್ತದೆ. ನಾನು ಕೈ ಹಿಂದೆ ಕಟ್ಟಿಕೊಳ್ಳುವುದು ಶಿಸ್ತಿಗೆ ಅಂತ ಮಕ್ಕಳು ತಿಳಿದಿದ್ದಾರೆ.

ವಾಟ್ಸಾಪ್ ಗ್ರೂಪ್ ವಿಷಯ ಬೇಡ ಅಂದುಕೊಂಡಿದ್ದೆ, ಆದರೂ ಒಂದು ಮಾತು. ಕ್ಯಾಂಪ್ ಶುರುವಾಗಿ ಒಂದು ಗಂಟೆ ಆಗುವುದರೊಳಗೆ "ಫೋಟೋ ಹಾಕಿ ಸರ್" ಶುರು. ಫೋಟೋ ಹಾಕಿದರೆ "ನಮ್ಮವನು ಯಾಕೆ ಒಂದು ಕಡೆ ಒಬ್ಬನೇ ನಿಂತಿದ್ದಾನೆ?" ಹಾಕದಿದ್ದರೆ "ಎಲ್ಲ ಸರಿ ಇದೆ ತಾನೇ?" ರಾತ್ರಿ ಹನ್ನೊಂದಕ್ಕೆ ಒಬ್ಬರು ಅಮ್ಮ ಫೋನ್ ಮಾಡಿ, ಸ್ವೆಟರ್ ಹಾಕ್ಕೊಂಡ್ನಾ ನೋಡಿ ಸರ್ ಅಂದರು. ಮಲಗಿರುವ ಮಗುವನ್ನು ಎಬ್ಬಿಸಿ ಸ್ವೆಟರ್ ಹಾಕಿಸಬೇಕಾ? ಈಗ ದಿನಕ್ಕೆ ಎರಡು ಹೊತ್ತು ಮಾತ್ರ ಸುದ್ದಿ ಕಳಿಸುವುದು ಅಂತ ಮೊದಲೇ ಹೇಳಿಬಿಡುತ್ತೇವೆ. ಗೊಣಗುತ್ತಾರೆ, ಗೊಣಗಲಿ.

ಇನ್ನು ಟ್ಯೂಷನ್. ಸ್ಕೌಟ್ ವಿಭಾಗ ಹತ್ತು ವರ್ಷದಿಂದ ಹದಿನೇಳರ ತನಕ ಅಂತ ನಿಯಮದಲ್ಲಿದೆ. ಒಬ್ಬ ಹುಡುಗ ಒಳ್ಳೆ ಪ್ಯಾಟ್ರೋಲ್ ಲೀಡರ್ ಆಗಿ ಹದಕ್ಕೆ ಬರುವುದು ಹದಿನಾಲ್ಕು, ಹದಿನೈದಕ್ಕೆ. ಚಿಕ್ಕವರ ಮೇಲೆ ರೇಗದೆ ಹೇಳಿಕೊಡಲು ಬರುತ್ತದೆ, ತಾನೇ ಒಂದು ಹೈಕ್ ಪ್ಲಾನ್ ಮಾಡಬಲ್ಲ. ಬೆಂಗಳೂರಿನಲ್ಲಿ ಸರಿಯಾಗಿ ಅದೇ ವಯಸ್ಸಿಗೆ ಒಂಬತ್ತನೇ ಕ್ಲಾಸು, ಫೌಂಡೇಶನ್ ಕೋರ್ಸು, ಭಾನುವಾರ ಬೆಳಿಗ್ಗೆ ಟೆಸ್ಟು. ಜೂನ್ ಬಂತೆಂದರೆ ದೊಡ್ಡ ಹುಡುಗರು ಒಬ್ಬೊಬ್ಬರಾಗಿ ಕಾಣೆ. ಉಳಿಯುವುದು ಐದು, ಆರು, ಏಳನೇ ಕ್ಲಾಸಿನ ಮಕ್ಕಳು. ಅವರಿಗೆ ಹೇಳಿಕೊಡಲು ಅಣ್ಣಂದಿರೇ ಇಲ್ಲ. ಆಗ ಯಾರು ಹೇಳಿಕೊಡಬೇಕು? ನಾನೇ. ಮೈಕ್ ಹಿಡಿದು ನಿಂತರೆ ಅದು ಇನ್ನೊಂದು ಕ್ಲಾಸ್ ರೂಮ್ ಆಗುತ್ತದೆ, ವಾರವೆಲ್ಲ ಅದನ್ನೇ ಅನುಭವಿಸಿ ಬಂದ ಮಕ್ಕಳಿಗೆ ಭಾನುವಾರವೂ ಅದೇ. ಹೊಸ ಸ್ವಯಂಸೇವಕರು ಮಕ್ಕಳಿಗೆ ಆಸಕ್ತಿ ಇಲ್ಲ ಅಂತ ದೂರುತ್ತಾರಲ್ಲ, ಬಹಳ ಸಲ ಅದರ ಮೂಲ ಇಲ್ಲಿದೆ. ಆಸಕ್ತಿ ಹುಟ್ಟಿಸುತ್ತಿದ್ದ ಅಣ್ಣ ಕೋಚಿಂಗ್ ಸೆಂಟರ್‌ನಲ್ಲಿ ಕೂತಿದ್ದಾನೆ. ಮೊಬೈಲ್‌ಗೆ ಬೈದು ಏನು ಪ್ರಯೋಜನ.

ತಂದೆತಾಯಿಗಳಿಗೆ ನಾನು ಹೇಳುವುದು ಇಷ್ಟೇ: ನಿಲ್ಲಿಸಬೇಡಿ, ತಿಂಗಳಿಗೆ ಎರಡೇ ಭಾನುವಾರ ಕಳಿಸಿ. ಕೆಲವರು ಒಪ್ಪಿದ್ದಾರೆ. ಒಬ್ಬಳು ಹುಡುಗಿಯ ಅಮ್ಮ ಟೆಸ್ಟ್ ಮುಗಿದ ಮೇಲೆ ಹನ್ನೊಂದಕ್ಕೆ ತಂದು ಬಿಡುತ್ತಾರೆ, ಅಷ್ಟೊತ್ತಿಗೆ ನಮ್ಮದು ಮುಗಿಯುತ್ತಾ ಬಂದಿರುತ್ತದೆ. ಆದರೂ ಅವಳು ಬಂದು ನಿಂತರೆ ಗೈಡ್ಸ್ ಗುಂಪಿನಲ್ಲಿ ಚಿಕ್ಕ ಹುಡುಗಿಯರ ಗತ್ತೇ ಬೇರೆ.

ಇದಕ್ಕೆ ಉಲ್ಟಾ ಇನ್ನೊಂದು ಬಗೆ ಇದೆ. ಸಿಇಟಿಯಲ್ಲಿ ಸ್ಕೌಟ್ಸ್ ಅಂಡ್ ಗೈಡ್ಸ್‌ಗೆ ವಿಶೇಷ ಕೆಟಗರಿ ಇದೆ, ರೈಲ್ವೆ ನೇಮಕಾತಿಯಲ್ಲಿ ಕೋಟಾ ಇದೆ. ಅದು ಗೊತ್ತಾದ ದಿನದಿಂದ ಕೆಲವರಿಗೆ ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ ಬಿಟ್ಟು ಬೇರೇನೂ ಕಾಣುವುದಿಲ್ಲ. "ಎಷ್ಟು ದಿನದಲ್ಲಿ ಸಿಗುತ್ತೆ ಸರ್?" ಪ್ರವೇಶ, ಪ್ರಥಮ, ದ್ವಿತೀಯ, ತೃತೀಯ ಸೋಪಾನ ಅಂತ ಮೆಟ್ಟಿಲು ಇರುವುದು ಒಂದೊಂದೇ ಹತ್ತಲಿ ಅಂತ. ಮಕ್ಕಳು ತಾವು ಮಾಡಿದ್ದನ್ನು ಬರೆದಿಡಬೇಕಾದ ಲಾಗ್‌ಬುಕ್ ತೆರೆದರೆ ಅಕ್ಷರ ಅಮ್ಮನದು, ಚಿತ್ರ ಜೆರಾಕ್ಸ್ ಅಂಗಡಿಯ ಕಲರ್ ಪ್ರಿಂಟು, ಹುಡುಗನದು ಹೆಸರು ಮಾತ್ರ. ನಾನು ಸಹಿ ಹಾಕುವುದಿಲ್ಲ. ಇದರಿಂದ ಮನಸ್ತಾಪಗಳಾಗಿವೆ, ಒಂದು ಕುಟುಂಬ ಬೇರೆ ಗ್ರೂಪಿಗೆ ಹೋಯಿತು. ಹೋಗಲಿ ಬಿಡಿ. ಕೆಟ್ಟ ಅಕ್ಷರದ ಲಾಗ್‌ಬುಕ್ ಕಂಡರೆ ನನಗೆ ಖುಷಿಯಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಕೈ ಕಟ್ಟಿ ನಿಲ್ಲುವ ಮಾತೇ ಇಲ್ಲ, ಮಕ್ಕಳ ಸುರಕ್ಷತೆ. 2012ರ ಪೋಕ್ಸೋ ಕಾಯ್ದೆ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು, ಗ್ರೂಪಿನ ಮರ್ಯಾದೆ ಅಂತ ಮುಚ್ಚಿಡುವ ಹಾಗಿಲ್ಲ. ನಮ್ಮಲ್ಲಿ ಯಾವ ದೊಡ್ಡವರೂ ಒಂದು ಮಗುವಿನ ಜೊತೆ ಒಬ್ಬರೇ ಇರುವುದಿಲ್ಲ. ಮಗುವಿಗೆ ಪ್ರತ್ಯೇಕವಾಗಿ ಮೆಸೇಜ್ ಕಳಿಸುವುದಿಲ್ಲ. ಮಕ್ಕಳ ಟೆಂಟಿನಲ್ಲಿ ಮಲಗುವುದಿಲ್ಲ. ಹೊಸಬರಿಗೆ ಮೊದಲ ದಿನವೇ ಹೇಳುತ್ತೇವೆ. "ನನ್ನ ಮೇಲೆ ಅನುಮಾನನಾ?" ಅಂತ ಬೇಜಾರು ಮಾಡಿಕೊಂಡು ಹೋದವರಿದ್ದಾರೆ. ನಿಯಮ ನನಗೂ ಅದೇ. ಬೇಜಾರಾದರೆ ನಾನೇನೂ ಮಾಡಲಾಗುವುದಿಲ್ಲ.

ಇದಕ್ಕೇ ಜನ ಬೇಕು, ಜನವೇ ಇಲ್ಲ. ಗೈಡ್ಸ್ ಕರೆದುಕೊಂಡು ಹೋಗಲು ಹೆಂಗಸರೇ ಬೇಕು. ನಮ್ಮ ಗೈಡ್ ಕ್ಯಾಪ್ಟನ್ ಒಬ್ಬರೇ, ಅವರ ಅತ್ತೆಗೆ ಹುಷಾರಿಲ್ಲದಾಗ ಹುಡುಗಿಯರ ಕ್ಯಾಂಪೇ ನಿಂತುಹೋಯಿತು, ಹುಡುಗರದು ನಡೆಯಿತು. ಹುಡುಗಿಯರು ನನ್ನನ್ನು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಬರುತ್ತೇನೆ ಅಂದವರಿಗೆ ಬೇಸಿಕ್ ಕೋರ್ಸ್ ಅನ್ನುವ ತರಬೇತಿ ಅಡ್ಡ ಬರುತ್ತದೆ. ಒಂದು ವಾರ ಅಲ್ಲೇ ಇರಬೇಕು. ಬೆಂಗಳೂರಿನ ಯಾವ ಕಂಪನಿಯಲ್ಲಿ ಅದಕ್ಕೆ ರಜೆ ಕೊಡುತ್ತಾರೆ? ನಾನು ಕೇಳಿದಾಗ ಮ್ಯಾನೇಜರ್ "ಇದು ಯಾವ ಸರ್ಟಿಫಿಕೇಶನ್, ಕ್ಲೌಡಾ?" ಅಂದಿದ್ದರು. ಟೆಂಟು ಸರ್ ಅಂದೆ.

ಸರಿ, ಬರೆಯಲು ಕೂತದ್ದೇ ಒಂದು ಕೋರಿಕೆಗೆ. ಮಳೆ ಕಮ್ಮಿಯಾದ ಮೇಲೆ ಎರಡು ರಾತ್ರಿಯ ಕ್ಯಾಂಪ್ ಇಟ್ಟುಕೊಂಡಿದ್ದೇವೆ, ಈ ಸಲ ಗೈಡ್ಸ್ ಬಿಟ್ಟು ಹೋಗುವುದಿಲ್ಲ ಅಂತ ತೀರ್ಮಾನ ಆಗಿದೆ. ಬನಶಂಕರಿ ಸುತ್ತಮುತ್ತ ಇರುವ ಇಬ್ಬರು ಹೆಂಗಸರು ಬೇಕು. ಗಂಟು ಹಾಕಲು ಬರಬೇಕಿಲ್ಲ, ಹಿಂದೆ ಗೈಡ್ ಆಗಿದ್ದರೆ ಒಳ್ಳೆಯದು, ಆಗಿರದಿದ್ದರೂ ನಡೆಯುತ್ತದೆ. ಮೊದಲು ಒಂದು ಭಾನುವಾರ ಬೆಳಿಗ್ಗೆ ಏಳೂವರೆಗೆ ಬಂದು ನೋಡಿ. ಬಂದವರಿಗೆ ಕಾಫಿ ಕೊಡಿಸುತ್ತೇವೆ, ತಿಂಡಿ ಅವರವರದು. ಇನ್ನೊಂದು, ಒದ್ದೆ ಟೆಂಟು ಒಣಗಿಸಲು ಯಾರದ್ದಾದರೂ ದೊಡ್ಡ ಟೆರೇಸ್ ಇದ್ದರೆ ಅದನ್ನೂ ಹೇಳಿ, ನಮ್ಮ ಮನೆಯ ಟೆರೇಸಿಗೆ ಓನರ್ ಆಗಲೇ ಬೇಡ ಅಂದಿದ್ದಾರೆ.