ಅಮ್ಮನಿಗೆ ಎಬಿಸಿಡಿ ಬರುತ್ತಿರಲಿಲ್ಲ

ಸತ್ತವರ ಆತ್ಮವನ್ನು ಕರೆದು ಮಾತಾಡಿಸುವ ಪ್ಲಾಂಚೆಟ್ ಆಡಲು ನಮ್ಮ ಕಡೆ ಕೇರಂ ಬೋರ್ಡೇ ಗತಿ. ಅಂಚಿನುದ್ದಕ್ಕೂ ಸೀಮೆಸುಣ್ಣದಲ್ಲಿ ಇಂಗ್ಲಿಷ್ ಅಕ್ಷರ, ಕೆಳಗೆ ಸೊನ್ನೆಯಿಂದ ಒಂಬತ್ತು, ಒಂದು ಮೂಲೆಯಲ್ಲಿ ‘ಹೌದು’, ಎದುರು ಮೂಲೆಯಲ್ಲಿ ‘ಅಲ್ಲ’, ನಡುವೆ ಕವುಚಿಟ್ಟ ಸ್ಟೀಲ್ ಲೋಟ. ಮೂವರು ತೋರುಬೆರಳಿನ ತುದಿಯನ್ನು ಲೋಟಕ್ಕೆ ತಾಗಿಸಬೇಕು, ಒತ್ತಬಾರದು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ಒಂದು ಮನೆಯಲ್ಲಿ, ಆಷಾಢದ ಆ ಸಂಜೆ, ಲೋಟ ಜಪ್ಪಯ್ಯ ಅಂದರೂ ಕದಲಲಿಲ್ಲ. ಜಡಿಮಳೆಗೆ ಹಲಗೆ ಬೆವರಿತ್ತು. ಬೋರಿಕ್ ಪೌಡರ್ ಉದುರಿಸಿದ ಮೇಲೆ ಸರಾಗವಾಗಿ ಓಡತೊಡಗಿತು. ಆತ್ಮದ ಕೆಲಸಕ್ಕೆ ಪೌಡರ್ ಏಕೆ ಬೇಕಾಯಿತೆಂದು ಆಗ ಯಾರೂ ಕೇಳಲಿಲ್ಲ.

ಮನೆಯ ಹಿರಿಯಮ್ಮ ತೀರಿಕೊಂಡು ಮೂರನೇ ಮಾಸಿಕ ಕಳೆದಿತ್ತು. ಕೂರಲೇಬೇಕೆಂದು ಹಟ ಹಿಡಿದವಳು ಬೆಂಗಳೂರಿನಿಂದ ಬಂದ ಮಗಳು. ಕ್ರಿಯೆಯೆಲ್ಲ ಅಣ್ಣನದು: ಹತ್ತು ದಿನದ ಪಿಂಡ, ಹನ್ನೆರಡನೇ ದಿನದ ಸಪಿಂಡೀಕರಣ, ಆಮೇಲೆ ತಿಂಗಳು ತಿಂಗಳ ಮಾಸಿಕ. ಅವಳ ಪಾಲಿಗೆ ಬಂದದ್ದು ಅಡುಗೆಮನೆ. “ಅಮ್ಮಂಗೆ ಅಂತ ಮಾಡಕ್ಕೆ ಅಣ್ಣಂಗೆ ಏನಾದ್ರೂ ಇದೆ. ನಂಗೇನಿದೆ?” ಎಂಬುದು ಅವಳ ಮಾತು. ಕಾಯಿಲೆ ಬಿದ್ದ ಅಮ್ಮ ಕರೆದಾಗ ‘ಮುಂದಿನ ವಾರ ಬರ್ತೀನಿ’ ಎಂದು ಮುಂದೂಡಿದ್ದು ಅವಳನ್ನು ಕೊರೆಯುತ್ತಿತ್ತು.

“ಅಮ್ಮಾ, ನನ್ನ ಮೇಲೆ ಸಿಟ್ಟಾ?” ಎಂದು ಕೇಳಿದಳು. ಲೋಟ ಐ, ಎಲ್, ಎಲ್, ಎ ಎಂದು ಹೋಯಿತು. ಇಲ್ಲ. ಸ್ವಲ್ಪ ನಿಂತು ಎಂ, ಎ, ಜಿ, ಎ. ಮಗಾ. ಅವಳು ಬಿಕ್ಕಿ ಅಳತೊಡಗಿದಳು. ಬಾಗಿಲ ಬಳಿ ಮಜ್ಜಿಗೆ ಕಡೆಗೋಲು ಹಿಡಿದು ನಿಂತಿದ್ದ ಚಿಕ್ಕಮ್ಮ ಮೆಲ್ಲಗೆ ಕೇಳಿದರು: “ಅಕ್ಕಂಗೆ ಎಬಿಸಿಡಿ ಯಾವಾಗ ಬಂತೇ?”

ಹಲಗೆ ಇಂಗ್ಲಿಷಿನಲ್ಲಿರುವುದಕ್ಕೆ ಕಾರಣ ಸರಳ. ನಮ್ಮ ಅಕ್ಷರಮಾಲೆಯನ್ನು ಕಾಗುಣಿತ, ಒತ್ತಕ್ಷರ ಸಮೇತ ಕೇರಂ ಬೋರ್ಡಿನ ಮೇಲೆ ಹಿಡಿಸಲಾಗುವುದಿಲ್ಲ. ಅಮೆರಿಕದಲ್ಲಿ 1891ರಲ್ಲಿ ಪೇಟೆಂಟ್ ಆದ ಊಯಿಜಾ ಎಂಬ ಅಕ್ಷರದ ಹಲಗೆಯನ್ನೇ ಹಾಸ್ಟೆಲ್ ಹುಡುಗರು ನಕಲು ಮಾಡಿದರು, ಅದೇ ಮನೆಗಳಿಗೂ ಬಂತು. ಆದರೆ ಚಿಕ್ಕಮ್ಮನ ಪ್ರಶ್ನೆಗೆ ಅದು ಉತ್ತರವಲ್ಲ. ಹಲಗೆಯ ಮೇಲೆ ಬರುವ ಭಾಷೆ, ಕಾಗುಣಿತ, ತಪ್ಪುಗಳು ಎಲ್ಲವೂ ಬೆರಳಿಟ್ಟವರವು. ಇದನ್ನು ಪರೀಕ್ಷಿಸಲು ಬೆರಳಿಟ್ಟ ಎಲ್ಲರ ಕಣ್ಣಿಗೂ ಬಟ್ಟೆ ಕಟ್ಟಿ, ಅವರಿಗೆ ಗೊತ್ತಾಗದಂತೆ ಹಲಗೆಯನ್ನು ಕಾಲು ಸುತ್ತು ತಿರುಗಿಸಬೇಕು. ಒಬ್ಬರ ಕಣ್ಣು ತೆರೆದಿದ್ದರೂ ಪರೀಕ್ಷೆ ಕೆಟ್ಟಿತು. ದುಃಖದಲ್ಲಿರುವವರನ್ನು ಇದಕ್ಕೆ ಕೂರಿಸುವುದು ಕ್ರೌರ್ಯ, ಹಾಗಾಗಿ ಅಣ್ಣನ ಮಕ್ಕಳಿಬ್ಬರು ಮತ್ತು ಪಕ್ಕದ ಮನೆಯ ಹುಡುಗ ಕೂತರು, ಅವಳು ನೋಡುತ್ತಿದ್ದಳು. ಲೋಟ ಓಡುವುದೇನೋ ಓಡಿತು. ಹೋಗಿ ನಿಂತದ್ದು ತಿರುಗಿಸುವ ಮೊದಲು ಅಕ್ಷರಗಳಿದ್ದ ಜಾಗಕ್ಕೆ.

ಇಲ್ಲಿ ಮೋಸವೇನೂ ಇಲ್ಲ. ಮನಸ್ಸು ಎದುರು ನೋಡುವ ಕಡೆಗೆ ಸ್ನಾಯುಗಳು ನಮಗೆ ತಿಳಿಯದಂತೆಯೇ ಅಲುಗುತ್ತವೆ. 1852ರಲ್ಲಿ ಶರೀರವಿಜ್ಞಾನಿ ವಿಲಿಯಂ ಕಾರ್ಪೆಂಟರ್ ಇದನ್ನು ವಿವರಿಸಿದ್ದ. ಮರುವರ್ಷ ವಿಜ್ಞಾನಿ ಮೈಕಲ್ ಫ್ಯಾರಡೆ, ಲಂಡನ್ನಿನಲ್ಲಿ ಜನ ಕೈಯಿಟ್ಟರೆ ತಿರುಗುತ್ತಿದ್ದ ಮೇಜುಗಳನ್ನು ಪರೀಕ್ಷಿಸಿದ. ಎರಡು ಹಲಗೆಗಳ ನಡುವೆ ಗಾಜಿನ ಕಡ್ಡಿಗಳನ್ನಿಟ್ಟು, ಮೇಲಿನದು ಕೂದಲೆಳೆಯಷ್ಟು ಸರಿದರೂ ತೋರಿಸುವಂತೆ ಒಂದು ಹುಲ್ಲುಕಡ್ಡಿ ಸಿಕ್ಕಿಸಿದ. ಕೈಯಿಟ್ಟವರಿಗೆ ಕಡ್ಡಿ ಕಾಣುವಂತಿದ್ದಾಗ ಮೇಜು ಅಲುಗಲಿಲ್ಲ. ತಮ್ಮ ಕೈಯೇ ತಳ್ಳುತ್ತಿದೆ ಎಂದು ಕಂಡ ಕೂಡಲೇ ತಳ್ಳುವುದು ನಿಂತಿತು.

ಸತ್ತವರ ಜೊತೆ ಮಾತಾಡಬಹುದೆಂದು ನಂಬುವ ಪಂಥ, ಸ್ಪಿರಿಚುವಲಿಸಂ, ಹುಟ್ಟಿದ್ದೇ ಇಂಥ ಗುಮಾನಿಯ ಜಾಗದಲ್ಲಿ. 1848ರ ಮಾರ್ಚ್ ಕೊನೆಯಲ್ಲಿ ನ್ಯೂಯಾರ್ಕ್ ರಾಜ್ಯದ ಹೈಡ್ಸ್‌ವಿಲ್‌ನಲ್ಲಿ ಫಾಕ್ಸ್ ಸಹೋದರಿಯರ ಮನೆಯಲ್ಲಿ ಟಕ್ ಟಕ್ ಸದ್ದು ಕೇಳಿ, ಅದು ಸತ್ತವನ ಉತ್ತರವೆಂದು ಸುದ್ದಿಯಾಯಿತು. ನಲವತ್ತು ವರ್ಷದ ನಂತರ ಅವರಲ್ಲೊಬ್ಬಳಾದ ಮಾರ್ಗರೆಟ್, ಆ ಸದ್ದು ಕಾಲಿನ ಬೆರಳ ಗೆಣ್ಣು ನೆಟಿಗೆ ತೆಗೆದದ್ದು ಎಂದು ಸಭೆಯಲ್ಲಿ ಒಪ್ಪಿಕೊಂಡಳು. ಮುಂದಿನ ವರ್ಷ ಆ ಹೇಳಿಕೆಯನ್ನೂ ಹಿಂದಕ್ಕೆ ತೆಗೆದುಕೊಂಡಳು! ಸಂದೇಶವನ್ನೇ ನೆಚ್ಚಿ ಕೂತವರಿಗೆ ಈ ಇತಿಹಾಸ ಕಾಲಡಿಯ ನೆಲವನ್ನೇ ಸರಿಸುತ್ತದೆ.

ಆದರೆ ಆ ಪಂಥದಲ್ಲಿ ಸಂದೇಶಕ್ಕಿಂತ ಗಟ್ಟಿಯಾದದ್ದು ಬೇರೆ ಇದೆ. ಬ್ರಿಟನ್ನಿನ ಸ್ಪಿರಿಚುವಲಿಸ್ಟರು ಒಪ್ಪುವ ಏಳು ತತ್ವಗಳಲ್ಲಿ ಎರಡು: ಪ್ರತಿಯೊಬ್ಬರೂ ತಮಗೆ ತಾವೇ ಹೊಣೆ, ಮುಂದಕ್ಕೆ ಬೆಳೆಯುವ ದಾರಿ ಯಾವ ಆತ್ಮಕ್ಕೂ ಎಂದೂ ಮುಚ್ಚುವುದಿಲ್ಲ. ಫ್ರಾನ್ಸಿನಲ್ಲಿ ಶಾಲಾ ಮೇಷ್ಟ್ರಾಗಿದ್ದ ರಿವೈಲ್, ಅಲನ್ ಕಾರ್ಡೆಕ್ ಎಂಬ ಹೆಸರಿನಲ್ಲಿ 1857ರಲ್ಲಿ ತಂದ ಪ್ರಶ್ನೋತ್ತರದ ಪುಸ್ತಕ ಪುನರ್ಜನ್ಮವನ್ನೂ ಒಪ್ಪಿತು. ಬ್ರೆಜಿಲ್‌ನಲ್ಲಿ ಇವತ್ತು ಅವನ ಅನುಯಾಯಿಗಳು ಲಕ್ಷಗಟ್ಟಲೆ. ಕರ್ಮ, ಜನ್ಮಾಂತರ ನಮ್ಮವರಿಗೆ ಹೊಸತಲ್ಲ. ಹೊಸತು ಎಂದರೆ ಇಲ್ಲಿ ಪುರೋಹಿತರೂ ಇಲ್ಲ, ಗಂಡುಮಗನೇ ಆಗಬೇಕೆಂಬ ಕಟ್ಟಳೆಯೂ ಇಲ್ಲ. ಮಗಳು ನೆನೆದರೂ ಅಷ್ಟೇ ಸಲ್ಲುತ್ತದೆ. ಆ ಮನೆಯ ಮಗಳು ಕೆನ್ನೆ ಒರೆಸಿಕೊಂಡು ನೆಟ್ಟಗೆ ಕೂತದ್ದು ಈ ಮಾತಿಗೆ.

ಪುಸ್ತಕದ 936ನೇ ಪ್ರಶ್ನೆ ನೇರವಾಗಿ ಇದನ್ನೇ ಕೇಳುತ್ತದೆ: ಉಳಿದವರ ಸಮಾಧಾನವಿಲ್ಲದ ದುಃಖ ಹೋದವರನ್ನು ತಟ್ಟುತ್ತದೆಯೇ? ನೆನಪು ಅವರಿಗೆ ಹಿತ, ಬಿಡದ ಗೋಳಾಟ ನೋವು ಎಂಬುದು ಉತ್ತರದ ಸಾರ. ‘ಕಣ್ಣೀರು ಹಾಕ್ತಾ ಕೂತ್ರೆ ಹೋದೋರಿಗೆ ದಾರಿ ಸಿಗಲ್ಲ’ ಅಂತ ನಮ್ಮ ಅಜ್ಜಿಯರೂ ಹೇಳುತ್ತಿದ್ದರು. ನಂಬಿಕೆಯ ಮಾತಿದು, ತಕ್ಕಡಿಯಲ್ಲಿಟ್ಟು ತೂಗುವಂಥದ್ದಲ್ಲ. ಆದರೆ ಅಳುವವರ ಕೈಗೆ ಕೆಲಸ ಕೊಡುತ್ತದೆ.

ಕೆಲಸ ಎರಡು. ಒಂದು, ಬ್ರೆಜಿಲ್‌ನ ಕಾರ್ಡೆಕ್ ಪಂಥದವರು ಮನೆಯಲ್ಲಿ ನಡೆಸುವ ವಾರದ ಕೂಟ. ಪ್ರತಿ ವಾರ ಅದೇ ದಿನ, ಅದೇ ಹೊತ್ತು, ಅರ್ಧ ಗಂಟೆ ಮೀರಬಾರದು. ಮೇಜಿನ ಮೇಲೆ ಕುಡಿಯುವ ನೀರು. ಸ್ವಂತ ಮಾತಿನಲ್ಲಿ ಚಿಕ್ಕ ಪ್ರಾರ್ಥನೆ, ನಂತರ ಒಬ್ಬರು ಒಂದು ಪುಟ ಓದುವುದು. ಅವರು ಕಾರ್ಡೆಕ್‌ನದೇ ಪುಸ್ತಕ ಓದುತ್ತಾರೆ. ಈ ಮನೆಯಲ್ಲಿ ಅಲ್ಲಮನ ವಚನ ಸಾಕು ಎಂದಾಯಿತು, ಅವನ ಬಳ್ಳಿಗಾವಿ ನಮ್ಮ ಜಿಲ್ಲೆಯದೇ ತಾನೆ. ಓದಿದ್ದರ ಬಗ್ಗೆ ಒಬ್ಬೊಬ್ಬರು ಎರಡು ಮೂರು ವಾಕ್ಯ. ಹೋದವರ ಹೆಸರು, ಊರಲ್ಲಿ ಹಾಸಿಗೆ ಹಿಡಿದವರ ಹೆಸರು ಹೇಳಿ ಸ್ವಲ್ಪ ಹೊತ್ತು ಮೌನ. ಕೊನೆಗೆ ನೀರು ಹಂಚಿಕೊಂಡು ಕುಡಿದು ಏಳುವುದು. ಕಟ್ಟುನಿಟ್ಟಿನ ನಿಯಮ ಒಂದೇ: ಯಾರನ್ನೂ ಕರೆಯಬಾರದು, ಏನನ್ನೂ ಕೇಳಬಾರದು.

ಕೂಟ ಕೆಡುವುದು ಸಾಮಾನ್ಯವಾಗಿ ಓದುವವರಿಂದ. ಪುಟ ಮುಗಿದ ಮೇಲೂ ಪ್ರವಚನ ನಿಲ್ಲುವುದಿಲ್ಲ. ಇನ್ನೊಮ್ಮೆ ಕಿಟಕಿಯಿಂದ ಗಾಳಿ ಬಂದರೆ ‘ಬಂದ್ರು ನೋಡಿ’ ಎಂದು ಯಾರೋ ಶುರು ಮಾಡುತ್ತಾರೆ, ಮಕ್ಕಳು ಹೆದರಿ ಮುಂದಿನ ವಾರ ಹತ್ತಿರ ಸುಳಿಯುವುದಿಲ್ಲ. ತೋಟದ ಪಾಲಿನ ವಿಷಯ ಬಂತೋ, ಅಂದಿನದು ಮುಗಿದಂತೆ. ಮತ್ತೆ, ಮಾತಾಡಿಸಿ ಕೊಡುತ್ತೇನೆಂದು ದುಡ್ಡು ಕೇಳುವವರನ್ನು ಜಗಲಿಯಿಂದಲೇ ಕಳಿಸಬೇಕು. ಪುಕ್ಕಟೆಯಾಗಿ ಬಂದದ್ದನ್ನು ಪುಕ್ಕಟೆಯಾಗಿಯೇ ಕೊಡಬೇಕೆಂಬುದು ಕಾರ್ಡೆಕ್‌ನ ಖಡಾಖಂಡಿತ ಮಾತು.

ಎರಡನೆಯದು ನೋಟ್‌ಬುಕ್, ನಿಜವಾದ ಬೆಳವಣಿಗೆ ಆಗುವುದು ಇಲ್ಲಿಯೇ. 919ನೇ ಪ್ರಶ್ನೆಗೆ ಸಂತ ಆಗಸ್ಟಿನ್ ಹೆಸರಿನಲ್ಲಿ ಬರುವ ಉತ್ತರ ಹೇಳುವುದು: ಮಲಗುವ ಮುನ್ನ ದಿನದ ಲೆಕ್ಕ ನೋಡು, ಈ ಕ್ಷಣ ಕರೆ ಬಂದರೆ ಆ ಲೋಕದಲ್ಲಿ ಯಾರ ಕಣ್ಣು ತಪ್ಪಿಸಬೇಕಾಗುತ್ತದೆ ಎಂದು ಕೇಳಿಕೋ. ಬಲಗಡೆ ಪುಟದಲ್ಲಿ ಅಂದು ಮಾಡಿದ್ದು, ಎಡಗಡೆ ಅದಕ್ಕೆ ನಾಳೆ ಏನು ಮಾಡುವುದು ಎಂಬ ಒಂದೇ ಸಾಲು. ಎಡಪುಟ ಖಾಲಿ ಬಿಟ್ಟರೆ ವಾರದೊಳಗೆ ಅದು ತನ್ನನ್ನು ತಾನೇ ಬೈದುಕೊಳ್ಳುವ ಪುಸ್ತಕವಾಗುತ್ತದೆ. ತಪ್ಪಿತಸ್ಥ ಭಾವದಲ್ಲಿರುವವರಿಗಂತೂ ಅದು ವಿಷ. ಅವಳು ಆ ರಾತ್ರಿಯೇ ಬರೆದು ಓದಿ ಹೇಳಿದಳು. ಬಲಕ್ಕೆ: ‘ಅಣ್ಣನ ಹತ್ರ ಮಾತಾಡದೆ ಊಟ ಮುಗಿಸಿದೆ.’ ಎಡಕ್ಕೆ: ‘ಮುಂದಿನ ಮಾಸಿಕಕ್ಕೆ ಏನು ತರಲಿ ಅಂತ ಕೇಳೋದು.’ ಅಣ್ಣ ಅಲ್ಲೇ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದ. “ಎಳ್ಳು ತಾ” ಅಂದ.

ಇಷ್ಟರಿಂದ ಎಲ್ಲರಿಗೂ ಸಮಾಧಾನ ಆಗುತ್ತದೆ ಎಂದೇನಿಲ್ಲ. ತಿಂಗಳುಗಳು ಕಳೆದರೂ ಊಟ ಸೇರದೆ, ನಿದ್ದೆ ಬಾರದೆ, ‘ನಾನೂ ಹೋಗ್ತೀನಿ’ ಎಂಬ ಮಾತು ಬಂದರೆ ಕೂಟಕ್ಕೆ ಕಾಯಬಾರದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮಾನಸಿಕ ವಿಭಾಗವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

ಹೊತ್ತು ಗೊತ್ತುಮಾಡುವಾಗ ಅಣ್ಣ ಸಂಜೆ ಏಳು ಅಂದ. ಚಿಕ್ಕಮ್ಮ ಒಪ್ಪಲಿಲ್ಲ: ಕೊನೆಕೊಯ್ಲು ಶುರುವಾದರೆ ಸಂಜೆಯೆಲ್ಲ ಅಡಿಕೆ ಸುಲಿಯುವ ಗಡಿಬಿಡಿ, ಆಷಾಢದಲ್ಲಿ ಮಾಡಿದ ನಿಶ್ಚಯ ಕಾರ್ತಿಕಕ್ಕೆ ನಿಲ್ಲುವುದಿಲ್ಲ. ಕೊನೆಗೆ ಗುರುವಾರ ಬೆಳಿಗ್ಗೆ ಆರಕ್ಕೆ, ಕಾಫಿಗೆ ಮೊದಲು ಎಂದಾಯಿತು. ಬೆಂಗಳೂರಿನಲ್ಲಿ ಅವಳೂ ಅದೇ ಹೊತ್ತಿಗೆ ಕೂರುತ್ತಾಳೆ, ಫೋನಿಲ್ಲದೆ. ಮಳೆಗಾಲದಲ್ಲಿ ಆ ಕಣಿವೆಯ ಸಿಗ್ನಲ್ಲನ್ನು ನಂಬಿದರೆ ಅರ್ಧ ಗಂಟೆಯೂ ‘ಹಲೋ, ಕೇಳ್ತಾ ಇದ್ಯಾ?’ ಅನ್ನುವುದರಲ್ಲೇ ಮುಗಿಯುತ್ತದೆ.