ಮದುಮಗನನ್ನು ಕರೆದುಕೊಂಡು ಕೊಡಗಿಗೆ ಬರುವುದಾದರೆ

ನನ್ನ ಮನೆ ವಿರಾಜಪೇಟೆ ಕಡೆ ಎಂದು ಗೊತ್ತಾದ ಕೂಡಲೇ ಬೆಂಗಳೂರು, ಮೈಸೂರಿನ ಸ್ನೇಹಿತರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ನಮ್ಮ ಹುಡುಗನ ಮದುವೆ ಫಿಕ್ಸ್ ಆಗಿದೆ. ಎಂಟ್ಹತ್ತು ಜನ ಕೊಡಗಿಗೆ ಬಂದು ಬ್ಯಾಚುಲರ್ ಪಾರ್ಟಿ ಮಾಡೋಣ ಅಂತಿದ್ದೀವಿ. ಹೇಗೆ ಪ್ಲಾನ್ ಮಾಡೋದು?" ಪ್ರತಿ ಸಲ ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಇಲ್ಲಿ ಪೂರ್ತಿ ಬರೆಯುತ್ತೇನೆ.

ನನ್ನ ಉತ್ತರ ಇಷ್ಟೇ. ಎರಡು ರಾತ್ರಿ ಇರಿ. ಒಂದೇ ಮನೆಯಲ್ಲಿ ಇರಿ. ದಿನಕ್ಕೆ ಒಂದೇ ಕಾರ್ಯಕ್ರಮ ಇಟ್ಟುಕೊಳ್ಳಿ. ಊರು ಸುತ್ತುವುದಕ್ಕೆ ಇನ್ನೊಂದು ಸಲ ಬರಬಹುದು. ಈ ಸಲ ಹುಡುಗನ ಜೊತೆ ಕೂರುವುದಕ್ಕೆ ಬನ್ನಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಜನ ನನಗೆ ಕಳಿಸುವ ಪ್ಲಾನ್‌ಗಳು ಹೀಗಿರುತ್ತವೆ: ಶನಿವಾರ ಬೆಳಿಗ್ಗೆ ದುಬಾರೆ, ಮಧ್ಯಾಹ್ನ ಅಬ್ಬಿ ಜಲಪಾತ, ಸಂಜೆ ರಾಜಾಸೀಟ್. ಭಾನುವಾರ ಬೆಳಗಿನ ಜಾವ ಮಾಂದಲಪಟ್ಟಿ, ಆಮೇಲೆ ತಲಕಾವೇರಿ, ಟೈಮ್ ಸಿಕ್ಕರೆ ಇರ್ಪು. ನಕ್ಷೆಯಲ್ಲಿ ಕೊಡಗು ಚಿಕ್ಕದಾಗಿ ಕಾಣುತ್ತದೆ. ಆದರೆ ಮಾಂದಲಪಟ್ಟಿ ಉತ್ತರದ ಕಡೆ, ಇರ್ಪು ದಕ್ಷಿಣದ ತುದಿ. ನಡುವೆ ತಿರುವು ಬಿಟ್ಟರೆ ಬೇರೇನಿಲ್ಲ. ವಾರಾಂತ್ಯದಲ್ಲಿ ಮಡಿಕೇರಿ ಪೇಟೆ ದಾಟುವುದೇ ಒಂದು ಕೆಲಸ. ಎರಡೂ ದಿನ ಕಾರಿನಲ್ಲೇ ಕಳೆದುಹೋಗುತ್ತದೆ. ಮದುವೆ ಆಗುವ ಹುಡುಗ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಾ ಇರುತ್ತಾನೆ. ಸ್ಕೂಲಿನಿಂದ ಜೊತೆಗಿದ್ದವರು ಅವನ ಜೊತೆ ಒಂದು ಗಂಟೆ ನೆಮ್ಮದಿಯಾಗಿ ಮಾತಾಡಿರುವುದಿಲ್ಲ. ಅದು ಬೇಜಾರಿನ ಸಂಗತಿ ಅಲ್ವಾ?

ಮೊದಲು ದಿನಾಂಕ. ಮದುವೆಗೆ ಎರಡು ಮೂರು ದಿನ ಇರುವಾಗ ದಯವಿಟ್ಟು ಬೇಡ. ಕನಿಷ್ಠ ಮೂರು ವಾರ ಮುಂಚೆ ಮುಗಿಸಿ. ಬೆಟ್ಟದಲ್ಲಿ ಕಾಲು ಉಳುಕಬಹುದು, ಚಳಿಗೆ ಗಂಟಲು ಕಟ್ಟಬಹುದು. ಮಂಟಪದಲ್ಲಿ ಹುಡುಗ ಕುಂಟಿಕೊಂಡು ನಿಂತರೆ ಎರಡೂ ಮನೆಯವರು ನಿಮ್ಮನ್ನೇ ನೋಡುತ್ತಾರೆ. ಮದುವೆ ಹತ್ತಿರ ಬಂದ ಹಾಗೆ ಅವನ ತಲೆಯಲ್ಲಿ ಛತ್ರ, ಕ್ಯಾಟರಿಂಗ್, ಒಡವೆ, ಸಾಲ ಎಲ್ಲಾ ಓಡುತ್ತಿರುತ್ತದೆ. ಮೂರು ವಾರ ಮುಂಚೆ ಆದರೆ ಮನಸ್ಸು ಸ್ವಲ್ಪ ಹಗುರ ಇರುತ್ತದೆ.

ಮದುವೆಯ ಹಿಂದಿನ ದಿನ ಸೇರುವುದು ನಮ್ಮ ಕಡೆ ಹೊಸದೇನಲ್ಲ. ಕೊಡವರ ಮದುವೆಯಲ್ಲಿ ಆ ದಿನ ಊರ್ ಕೂಡುವ ಇರುತ್ತದೆ. ಊರಿನವರು, ನೆಂಟರು, ಗೆಳೆಯರು ಎಲ್ಲಾ ಮದುವೆ ಮನೆಗೆ ಬಂದು ಕೈ ಜೋಡಿಸುತ್ತಾರೆ. ಒಬ್ಬರು ತರಕಾರಿ ಹೆಚ್ಚಿದರೆ ಇನ್ನೊಬ್ಬರು ಮಾಂಸ ಕೊಚ್ಚುತ್ತಾರೆ. ಕೆಲಸದ ಜೊತೆಗೇ ಮಾತು, ನಗು, ಊಟ, ವಾಲಗಕ್ಕೆ ಕುಣಿತ. ಹುಡುಗನ ಪಕ್ಕ ಬೋಜಕಾರ ಎಂಬ ಜೊತೆಗಾರ ಇರುತ್ತಾನೆ. ನಾನು ಬ್ಯಾಚುಲರ್ ಪಾರ್ಟಿ ಬಗ್ಗೆ ಹೇಳುವುದೆಲ್ಲಾ ಇದನ್ನು ನೋಡಿ ಬೆಳೆದದ್ದರಿಂದ ಬಂದದ್ದು. ಒಟ್ಟಿಗೆ ಏನಾದರೂ ಕೆಲಸ ಮಾಡಿದರೆ ಮಾತು ತಾನಾಗಿ ಹುಟ್ಟುತ್ತದೆ.

ಯಾವ ತಿಂಗಳು? ನವೆಂಬರ್‌ನಿಂದ ಫೆಬ್ರವರಿ ತನಕ ಒಳ್ಳೆಯ ಹವೆ. ಆದರೆ ಅದೇ ಕಾಫಿ ಕೊಯ್ಲಿನ ಕಾಲ. ತೋಟದ ಮನೆಯವರಿಗೆ ಬಿಡುವು ಕಡಿಮೆ. ಕಣದಲ್ಲಿ ಕಾಫಿ ಹಣ್ಣು ಒಣಗಲು ಹರಡಿರುತ್ತಾರೆ. ನೋಡಲು ಸಪಾಟಾದ ಅಂಗಳದ ಹಾಗೆ ಇರುತ್ತದೆ, ಹುಡುಗರಿಗೆ ಕ್ರಿಕೆಟ್ ನೆನಪಾಗುತ್ತದೆ. ಅದರ ಮೇಲೆ ಕಾಲಿಡಬೇಡಿ, ಅದು ಅವರ ಇಡೀ ವರ್ಷದ ಬೆಳೆ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆ ಬಿದ್ದು ತೋಟ ಪೂರ್ತಿ ಬೆಳ್ಳಗಾಗುವುದನ್ನು ನೋಡಲು ಅದೃಷ್ಟ ಬೇಕು, ದಿನಾಂಕ ಮೊದಲೇ ಹೇಳಲು ಆಗುವುದಿಲ್ಲ. ದಸರಾ ಸಮಯದಲ್ಲಿ ಮಡಿಕೇರಿ ಸುತ್ತ ರೂಮ್ ಸಿಗುವುದು ಕಷ್ಟ. ವಿಜಯದಶಮಿ ರಾತ್ರಿ ಹತ್ತು ದೇವಸ್ಥಾನಗಳ ಮಂಟಪಗಳು ಮೆರವಣಿಗೆ ಬರುತ್ತವೆ, ರಸ್ತೆಯಲ್ಲಿ ಬೆಳಗಿನ ತನಕ ಜನವೋ ಜನ.

ಮಳೆಗಾಲದ ಬಗ್ಗೆ ಜಾಸ್ತಿ ಕೇಳುತ್ತಾರೆ. ಆಷಾಢದಲ್ಲಿ ಮದುವೆ ಇರುವುದಿಲ್ಲ, ಎಲ್ಲರಿಗೂ ಬಿಡುವು. ರಾಫ್ಟಿಂಗ್ ಇಷ್ಟ ಇದ್ದರೆ ಬರಪೊಳೆ ನದಿಗೆ ನೀರು ಬರುವುದೂ ಆಗಲೇ. ಪೊನ್ನಂಪೇಟೆ ತಾಲೂಕಿನ ಟಿ. ಶೆಟ್ಟಿಗೇರಿ ಕಡೆಯಿಂದ ಹೋಗಬೇಕು. ದುಬಾರೆಯ ರಾಫ್ಟಿಂಗ್‌ಗಿಂತ ರಭಸ ಜಾಸ್ತಿ, ಈಜು ಬಂದರೂ ಲೈಫ್ ಜಾಕೆಟ್ ಬಿಚ್ಚುವ ಮಾತೇ ಇಲ್ಲ. ಹಿಂದಿನ ರಾತ್ರಿಯ ಅಮಲು ತಲೆಯಲ್ಲಿದ್ದರೆ ದೋಣಿ ಹತ್ತಬೇಡಿ. ಆದರೆ 2018ರ ಆಗಸ್ಟ್‌ನಲ್ಲಿ ಇಲ್ಲಿ ಗುಡ್ಡಗಳು ಕುಸಿದು ಮನೆ, ತೋಟ, ಜೀವ ಎಲ್ಲಾ ಹೋದದ್ದನ್ನು ನಾವು ಮರೆತಿಲ್ಲ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟರೆ ಪ್ಲಾನ್ ಮುಂದೂಡಿ. ಅಡ್ವಾನ್ಸ್ ಹೋದರೆ ಹೋಗಲಿ. ಬುಕ್ ಮಾಡುವಾಗಲೇ ಅದನ್ನು ಮಾತಾಡಿಕೊಂಡರೆ ಬಹಳಷ್ಟು ಜನ ದಿನಾಂಕ ಬದಲಿಸಿ ಕೊಡುತ್ತಾರೆ.

ಈಗ ಮನೆ. ಇದರಲ್ಲಿ ಎಡವಿದರೆ ಉಳಿದದ್ದೆಲ್ಲಾ ಕೆಡುತ್ತದೆ. ಬರೀ ಹುಡುಗರ ಗುಂಪು ಅಂದರೆ ಎಷ್ಟೋ ಹೋಂಸ್ಟೇಗಳು ಬೇಡ ಅನ್ನುತ್ತವೆ. ಅದಕ್ಕೆ ಕೆಲವರು "ಫ್ಯಾಮಿಲಿ ಬರ್ತಿದೆ" ಎಂದು ಸುಳ್ಳು ಹೇಳಿ ಬುಕ್ ಮಾಡುತ್ತಾರೆ. ಹಾಗೆ ಮಾಡಬೇಡಿ. ಹೋಂಸ್ಟೇ ಎಂದರೆ ಒಂದು ಸಂಸಾರದ ಮನೆ. ಪಕ್ಕದ ಕೋಣೆಯಲ್ಲಿ ವಯಸ್ಸಾದ ಅಜ್ಜಿ ಇರಬಹುದು, ಪರೀಕ್ಷೆಗೆ ಓದುವ ಮಗು ಇರಬಹುದು. ಫೋನಿನಲ್ಲೇ ನೇರವಾಗಿ ಹೇಳಿ: "ನಾವು ಹತ್ತು ಜನ ಹುಡುಗರು, ಸ್ನೇಹಿತನ ಮದುವೆ ಇದೆ, ರಾತ್ರಿ ಕೂತು ಕುಡಿಯುತ್ತೇವೆ, ಪರವಾಗಿಲ್ವಾ?" ಒಪ್ಪುವವರು ಖಂಡಿತ ಸಿಗುತ್ತಾರೆ. ಮನೆಯವರು ವಾಸ ಇರುವ ಕಟ್ಟಡದಿಂದ ದೂರ ಇರುವ ಕಾಟೇಜ್ ಪೂರ್ತಿ ತೆಗೆದುಕೊಳ್ಳಿ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯಾ ಕೇಳಿ. ಎಲ್ಲರ ಗುರುತಿನ ಚೀಟಿ ಜೊತೆಗಿರಲಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಹೊರಗೆ ಧ್ವನಿವರ್ಧಕ ಹಾಕುವ ಹಾಗಿಲ್ಲ, ಇದು ದೇಶಕ್ಕೆಲ್ಲಾ ಇರುವ ಕಾನೂನು. ತೋಟದಲ್ಲಿ ರಾತ್ರಿ ಸದ್ದು ಎಷ್ಟು ದೂರ ಹೋಗುತ್ತದೆ ಎಂದು ಪೇಟೆಯವರಿಗೆ ಅಂದಾಜು ಇರುವುದಿಲ್ಲ. ಕಣಿವೆಯ ಆಚೆ ಮನೆಯವರಿಗೂ ನಿಮ್ಮ ಹಾಡು ಕೇಳುತ್ತದೆ.

ಕತ್ತಲಾದ ಮೇಲೆ ತೋಟದೊಳಗೆ ವಾಕ್ ಹೋಗಬೇಡಿ. ಸಿದ್ದಾಪುರ, ಅಮ್ಮತ್ತಿ, ಪೊನ್ನಂಪೇಟೆ ಕಡೆ ಆನೆಗಳು ಕಾಫಿ ತೋಟದಲ್ಲೇ ಓಡಾಡುತ್ತವೆ. ಹಲಸು ಹಣ್ಣಾಗುವ ಕಾಲದಲ್ಲಂತೂ ಕೇಳುವುದೇ ಬೇಡ. ಆನೆ ಎಂದರೆ ದೂರದಿಂದಲೇ ಕಾಣುತ್ತದೆ ಎಂದುಕೊಳ್ಳುತ್ತೇವೆ. ರೋಬಸ್ಟಾ ಗಿಡಗಳ ನಡುವೆ, ಮರದ ನೆರಳಲ್ಲಿ, ಸದ್ದಿಲ್ಲದೆ ನಿಂತ ಆನೆ ಹತ್ತು ಮಾರು ದೂರಕ್ಕೂ ಕಾಣುವುದಿಲ್ಲ. ಗಿಡ ಮುರಿದ ಸದ್ದು ಕೇಳುವಷ್ಟರಲ್ಲಿ ನೀವು ಅದರ ಎದುರಿಗೇ ಇರುತ್ತೀರಿ. ಬೆಳಿಗ್ಗೆ ಕೆಲಸಕ್ಕೆ ನಡೆದು ಹೋಗುತ್ತಿದ್ದ ಕಾರ್ಮಿಕರು ಹೀಗೇ ಸತ್ತಿದ್ದಾರೆ. ಹಗಲಲ್ಲಿ ತೋಟ ನೋಡಬೇಕಾದರೂ ಮನೆಯವರನ್ನು ಕೇಳಿ, ಅವರ ಜೊತೆ ಹೋಗಿ.

ಹಗಲಿನ ಒಂದು ಕಾರ್ಯಕ್ರಮಕ್ಕೆ ನನ್ನ ಆಯ್ಕೆ ಕಕ್ಕಬೆಯ ತಡಿಯಂಡಮೋಳ್. 1,748 ಮೀಟರ್, ಕೊಡಗಿನಲ್ಲೇ ಎತ್ತರದ ಬೆಟ್ಟ. ಅರಣ್ಯ ಇಲಾಖೆಯ ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತೆಗೆದುಕೊಳ್ಳಬೇಕು. ಕಾಡ್ಗಿಚ್ಚಿನ ಭಯ ಇರುವ ಬೇಸಿಗೆಯಲ್ಲಿ ದಾರಿ ಮುಚ್ಚುವುದೂ ಉಂಟು. ಬೆಳಿಗ್ಗೆ ಬೇಗ ಹೊರಟರೆ ಮಧ್ಯಾಹ್ನ ಕಳೆದು ವಾಪಸ್ ಬರಬಹುದು. ಕೊನೆಯ ಏರು ಕಡಿದು, ಅಲ್ಲಿ ಯಾರೂ ಮಾತಾಡುವುದಿಲ್ಲ. ಅದಕ್ಕೂ ಮುಂಚಿನ ದಾರಿ ಮಾತಿಗೆ ಬಹಳ ಚೆನ್ನಾಗಿದೆ. ಇಬ್ಬಿಬ್ಬರಾಗಿ ನಡೆಯುವಾಗ ಹುಡುಗ ಒಬ್ಬೊಬ್ಬರಿಗೂ ಸ್ವಲ್ಪ ಹೊತ್ತು ಸಿಗುತ್ತಾನೆ. ಮಳೆ ಶುರುವಾದ ಮೇಲೆ ಜಿಗಣೆ ಇರುತ್ತವೆ, ಉಪ್ಪು ಇಟ್ಟುಕೊಳ್ಳಿ.

ಆ ಬೆಟ್ಟದ ಬುಡದಲ್ಲಿ ನಾಲ್ಕುನಾಡು ಅರಮನೆ ಇದೆ. ಹೆಂಚಿನ ಮಾಡು, ಮರದ ಕಂಬ, ಗೋಡೆ ಮೇಲೆ ಚಿತ್ರಗಳು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ದೊಡ್ಡ ವೀರರಾಜೇಂದ್ರ 1792ರ ಹೊತ್ತಿಗೆ ಇದನ್ನು ಕಟ್ಟಿಸಲು ಶುರು ಮಾಡಿದ. 1796ರಲ್ಲಿ ಮಹದೇವಮ್ಮಾಜಿಯನ್ನು ಮದುವೆ ಆದದ್ದೂ ಇಲ್ಲೇ. ಮುಂದೆ ಅಂಗಳದಲ್ಲಿ ಕಾಣುವ ಚಿಕ್ಕ ಮಂಟಪ ಆ ಮದುವೆಯದ್ದು. ಬೆಟ್ಟ ಇಳಿದು ಬಂದ ಮೇಲೆ ನಿಮ್ಮ ಹುಡುಗನನ್ನು ಅದರ ಮುಂದೆ ನಿಲ್ಲಿಸಿ ಒಂದು ಫೋಟೋ ತೆಗೆಯಿರಿ. ರಾಜಾಸೀಟಿನಲ್ಲಿ ತೆಗೆದ ನೂರು ಸೆಲ್ಫಿಗಿಂತ ಅದನ್ನು ಅವನು ಜೋಪಾನವಾಗಿ ಇಟ್ಟುಕೊಳ್ಳುತ್ತಾನೆ.

ಗುಂಪಿನಲ್ಲಿ ಬೆಟ್ಟ ಹತ್ತಲಾಗದವರಿದ್ದರೆ ಮಾಂದಲಪಟ್ಟಿಗೆ ಹೋಗಿ. ಸ್ಥಳೀಯ ಜೀಪಿನವರು ಕರೆದುಕೊಂಡು ಹೋಗುತ್ತಾರೆ.

ಜಲಪಾತದ ಕೆಳಗೆ ಈಜುವ ಆಸೆ ಇದ್ದರೆ ಬಿಟ್ಟುಬಿಡಿ. ಚೇಲಾವರದಲ್ಲಿ ಮುಳುಗಿ ಸತ್ತವರಲ್ಲಿ ಇಂಥ ಗುಂಪಿನಲ್ಲಿ ಬಂದ ಹುಡುಗರೂ ಇದ್ದಾರೆ. ಕಲ್ಲು ಪಾಚಿ ಕಟ್ಟಿರುತ್ತದೆ, ಆಳ ಗೊತ್ತಾಗುವುದಿಲ್ಲ. ತಲಕಾವೇರಿ, ಭಾಗಮಂಡಲ, ಇರ್ಪು ನಮಗೆ ದೇವರ ಜಾಗಗಳು. ಹೋದರೆ ಕುಡಿಯದೆ ಹೋಗಿ, ಕೈ ಮುಗಿದು ಬನ್ನಿ. ಕೋವಿಯ ವಿಷಯವನ್ನೂ ಕೇಳುತ್ತಾರೆ, "ಒಂದ್ಸಲ ಗುಂಡು ಹೊಡೆಯೋಕೆ ಕೊಡ್ತಾರಾ?" ಎಂದು. ಕೊಡುವುದಿಲ್ಲ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದಿನಲ್ಲಿ ನಾವು ಕೋವಿಯನ್ನು ಪೂಜೆ ಮಾಡುತ್ತೇವೆ, ಅದು ಆಟದ ಸಾಮಾನಲ್ಲ. ಕೇರಳ ಕರಾವಳಿಯಲ್ಲಿರುವ ಪುದುಚೇರಿಯ ಊರು ಮಾಹೆಯಿಂದ ಅಗ್ಗದ ಬಾಟಲಿ ತರುವುದೂ ಬೇಡ. ಕೇರಳ ಗಡಿಯ ಮಾಕುಟ್ಟದಲ್ಲಿ ಚೆಕ್‌ಪೋಸ್ಟ್ ಇದೆ, ಕರ್ನಾಟಕದ ಸುಂಕ ಕಟ್ಟದ ಮದ್ಯ ಸಿಕ್ಕಿದರೆ ಕೇಸ್ ಆಗುತ್ತದೆ.

ಇನ್ನು ಸಂಜೆ. ಶನಿವಾರ ಸಂಜೆಯನ್ನು ಅಡುಗೆಗೆ ಇಡಿ. ಮನೆಯವರನ್ನು ಮುಂಚೆಯೇ ಕೇಳಿಕೊಂಡರೆ ಬಹಳಷ್ಟು ಕಡೆ ಸೌದೆ ಒಲೆ ಬಿಟ್ಟುಕೊಡುತ್ತಾರೆ, ಪಕ್ಕದಲ್ಲಿ ನಿಂತು ಹೇಳಿಯೂ ಕೊಡುತ್ತಾರೆ. ಪಂದಿ ಕರಿ ಮಾಡಿ. ಕಾಡುಹಂದಿ ಕೇಳಬೇಡಿ, ಬೇಟೆ ಅಪರಾಧ. ಸಾಕಿದ ಹಂದಿಯದ್ದೇ ರುಚಿ ಚೆನ್ನಾಗಿರುತ್ತದೆ. ಮಾಂಸವನ್ನು ಕೊಬ್ಬು, ಚರ್ಮದ ಸಮೇತ ಸಣ್ಣಗೆ ಕತ್ತರಿಸಬೇಕು. ಇಬ್ಬರು ಈರುಳ್ಳಿ, ಬೆಳ್ಳುಳ್ಳಿ ಸುಲಿಯಲಿ. ಒಬ್ಬ ತಾಳ್ಮೆ ಇರುವವನು ಕೊತ್ತಂಬರಿ, ಜೀರಿಗೆ, ಕರಿಮೆಣಸು, ಸಾಸಿವೆ ಹುರಿಯಲಿ. ಪುಡಿ ಕಪ್ಪಗಾಗಬೇಕು, ಆದರೆ ಸೀಯಬಾರದು. ಅಲ್ಲಿ ಅರ್ಧ ನಿಮಿಷ ಆಚೆ ಈಚೆ ಆದರೆ ಕಹಿ. ಮಾಂಸ ತನ್ನ ಕೊಬ್ಬಿನಲ್ಲೇ ನಿಧಾನಕ್ಕೆ ಬೇಯುತ್ತಾ ಇರುವಾಗ ಉಳಿದವರು ಕಡಂಬುಟ್ಟಿಗೆ ಕೂರಬಹುದು. ಅಕ್ಕಿ ತರಿಯನ್ನು ಕುದಿಸಿ, ಬಿಸಿ ಇರುವಾಗಲೇ ಕೈಗೆ ಸ್ವಲ್ಪ ತುಪ್ಪ ಸವರಿಕೊಂಡು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸುವುದು. ಮೊದಲ ಉಂಡೆಗಳು ಒಂದೊಂದು ಒಂದೊಂದು ಆಕಾರ, ಸರಿಹೋಗುತ್ತದೆ. ಕೊನೆಗೆ ಕಾಚಂಪುಳಿ, ಅಂದರೆ ಹುಳಿ ಹಣ್ಣಿನ ರಸ ಕಾಯಿಸಿ ಮಾಡುವ ನಮ್ಮ ಕೊಡಗಿನ ವಿನೆಗರ್. ಕಪ್ಪಗೆ, ಗಟ್ಟಿಯಾಗಿ ಇರುತ್ತದೆ, ಒಂದೆರಡು ಚಮಚ ಸಾಕು. ಅದನ್ನು ಹಾಕುವ ಕೆಲಸ ಮದುಮಗನಿಗೆ ಕೊಡಿ. ಹಂದಿ ತಿನ್ನದವರು, ಮಾಂಸವೇ ತಿನ್ನದವರು ಗುಂಪಿನಲ್ಲಿದ್ದರೆ ಕೋಳಿ, ಅಣಬೆ, ಕಣಿಲೆ (ಎಳೆ ಬಿದಿರು) ಸಾರು ಬೇರೆ ಪಾತ್ರೆಯಲ್ಲಿ, ಬೇರೆ ಸೌಟಿನಲ್ಲಿ ಆಗಲಿ. ಅವರು ಬರೀ ಅನ್ನ ಮೊಸರು ಉಣ್ಣುವ ಹಾಗೆ ಆಗಬಾರದು.

ಕುಡಿತದ ಬಗ್ಗೆ ನನ್ನದು ಒಂದೇ ಷರತ್ತು. ಮೊದಲ ಗ್ಲಾಸ್ ತುಂಬುವ ಮುಂಚೆ ಎಲ್ಲಾ ಗಾಡಿ ಕೀಲಿ ಒಂದು ಡಬ್ಬಕ್ಕೆ ಹಾಕಿ ಮನೆಯವರ ಕೈಗೆ ಕೊಡಿ. ಕುಡಿದು ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ ₹10,000 ತನಕ ದಂಡ, ಆರು ತಿಂಗಳ ತನಕ ಜೈಲೂ ಆಗಬಹುದು. ಆದರೆ ನನಗೆ ಭಯ ದಂಡದ್ದಲ್ಲ, ಮಂಜು ಕವಿದ ತಿರುವಿನದ್ದು. ಕುಡಿಯದವನನ್ನು ಒತ್ತಾಯ ಮಾಡಬೇಡಿ, ಮದುಮಗನನ್ನಂತೂ ಬೇಡವೇ ಬೇಡ. ಆ ರಾತ್ರಿಯ ಫೋಟೋಗಳು ಗುಂಪಿನಿಂದ ಆಚೆ ಹೋಗಬಾರದು ಎಂದು ಮೊದಲೇ ಮಾತಾಗಲಿ. ಮದುಮಗಳಿಗೆ ಅವನೇ ಸಂಜೆ ಒಂದು ಫೋನ್ ಮಾಡಲಿ. ಕಕ್ಕಬೆ ಕಡೆ ಎಷ್ಟೋ ಕಡೆ ನೆಟ್‌ವರ್ಕ್ ಸಿಗುವುದಿಲ್ಲ, ಆಮೇಲೆ ಸುಮ್ನೆ ಗಾಬರಿ.

ದುಡ್ಡಿನ ವಿಷಯದಲ್ಲಿ ಹುಡುಗನ ಹತ್ತಿರ ಒಂದು ರೂಪಾಯಿ ತೆಗೆದುಕೊಳ್ಳಬೇಡಿ. ಉಳಿದವರಲ್ಲಿ ಕಡಿಮೆ ಸಂಬಳದವನು ಯಾರೋ, ಅವನಿಗೆ ಎಷ್ಟು ಆಗುತ್ತದೋ ಅಷ್ಟಕ್ಕೆ ಬಜೆಟ್ ನಿಲ್ಲಿಸಿ. ದುಬಾರಿ ರೆಸಾರ್ಟ್ ಬುಕ್ ಮಾಡಿ, ಹಳೆಯ ಗೆಳೆಯನೊಬ್ಬ "ಆಫೀಸಲ್ಲಿ ರಜೆ ಇಲ್ಲ" ಎಂದು ನೆಪ ಹೇಳಿ ಬರದೇ ಇದ್ದರೆ ಅಂಥ ಪಾರ್ಟಿಯಿಂದ ಏನು ಸುಖ? ಒಬ್ಬನೇ ಲೆಕ್ಕ ಇಟ್ಟುಕೊಳ್ಳಲಿ, ಕೈಯಲ್ಲಿ ಸ್ವಲ್ಪ ನಗದು ಇರಲಿ.

ವಾಪಸ್ ಹೋಗುವಾಗ ಭಾನುವಾರ ಊಟಕ್ಕೆ ಮುಂಚೆ ಹೊರಡಿ. ಬೆಂಗಳೂರು ಸುಮಾರು 250 ಕಿಲೋಮೀಟರ್, ಮೈಸೂರು ದಾಟುವ ತನಕ ನಿಧಾನ. ಕುಟ್ಟ ಕಡೆ ಉಳಿದುಕೊಂಡಿದ್ದರೆ ನಾಗರಹೊಳೆ ಕಾಡಿನ ರಸ್ತೆ ಸಂಜೆ ಮುಚ್ಚುತ್ತದೆ, ಅದನ್ನು ನಂಬಿಕೊಂಡು ತಡ ಮಾಡಬೇಡಿ. ಬೈಕಿನಲ್ಲಿ ಬರುವವರಿಗೆ 2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಪ್ರವೇಶ ಇಲ್ಲ, ಸರ್ವಿಸ್ ರೋಡಿನ ಲೆಕ್ಕದಲ್ಲೇ ಟೈಮ್ ಇಟ್ಟುಕೊಳ್ಳಿ. ಯಾರು ಓಡಿಸಿದರೂ ಸರಿ, ಮದುಮಗ ಮಾತ್ರ ಸ್ಟೇರಿಂಗ್ ಮುಟ್ಟುವುದು ಬೇಡ.

ಇನ್ನೂ ಕೇಳಬೇಕು ಅನ್ನಿಸಿದರೆ ಕೇಳಿ. ಯಾವ ತಿಂಗಳು, ಎಷ್ಟು ಜನ, ನಿಮ್ಮ ಹುಡುಗನಿಗೆ ಏನು ಇಷ್ಟ, ಈ ಮೂರು ಹೇಳಿ. ಕಕ್ಕಬೆಯೋ, ಶೆಟ್ಟಿಗೇರಿಯೋ, ಸೋಮವಾರಪೇಟೆಯೋ, ಯಾವ ಮೂಲೆ ಸರಿ ಎಂದು ಹೇಳುತ್ತೇನೆ.